ಗೂಢಚಾರಿ ತಂತ್ರಾಂಶಗಳ ನಿವಾರಣೆ

ಗೂಢಚಾರಿ ತಂತ್ರಾಂಶ ಅಥವಾ ಸ್ಪೈವೇರ್ ಎಂಬುದು ಬಳಕೆದಾರರ ಸ್ಪಷ್ಟ ಅರಿವಿಲ್ಲದೆ ಗಣಕಯಂತ್ರದಲ್ಲಿ ನೆಲೆಸಿ, ಅವರ ಚಟುವಟಿಕೆಗಳ ವಿವರಗಳನ್ನು ಸಂಗ್ರಹಿಸಿ, ಅಂತರ್ಜಾಲದ ಮೂಲಕ ಬೇರೊಬ್ಬರಿಗೆ ರವಾನಿಸುವ ತಂತ್ರಾಂಶವಾಗಿದೆ. ಭೇಟಿ ನೀಡಿದ ಜಾಲತಾಣಗಳ ಪಟ್ಟಿಯಿಂದ ಮೊದಲ್ಗೊಂಡು ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರದವರೆಗೆ ಈ ವಿವರಗಳ ವ್ಯಾಪ್ತಿ ಇರಬಹುದು. ನೇರವಾಗಿ ಏನನ್ನೂ ಕದಿಯದಿದ್ದರೂ ಜಾಹೀರಾತುಗಳನ್ನು ಹೇರುವ, ಬ್ರೌಸರಿನ ಮುಖಪುಟವನ್ನು ಬದಲಿಸುವ, ಯಂತ್ರವನ್ನು ನಿಧಾನಗೊಳಿಸುವ ತಂತ್ರಾಂಶಗಳನ್ನು ಅನಪೇಕ್ಷಿತ ತಂತ್ರಾಂಶಗಳೆಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಪ್ರಸ್ತುತ ಲೇಖನವು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಮನೆಬಳಕೆಯ ಗಣಕದಿಂದ ಈ ಎರಡೂ ವರ್ಗದವುಗಳನ್ನು ತೆಗೆದುಹಾಕುವ ಕ್ರಮವನ್ನು ಕುರಿತದ್ದಾಗಿದೆ.

ವೈರಸ್ ಕನ್ನ ಕೊರೆದು ಬರುತ್ತದೆ. ಗೂಢಚಾರಿ ತಂತ್ರಾಂಶವನ್ನು ಹೆಚ್ಚಿನ ಸಂದರ್ಭಗಳಲ್ಲಿ ಮನೆಯವರೇ ಬಾಗಿಲು ತೆರೆದು ಒಳಗೆ ಕರೆದಿರುತ್ತಾರೆ. ಯಾರೂ ಓದದ ದೀರ್ಘ ಒಪ್ಪಂದದ ಕೊನೆಯಲ್ಲಿ ಒತ್ತಿದ ಒಂದು ಗುಂಡಿಯೇ ಅದಕ್ಕೆ ರಹದಾರಿ. ನಿವಾರಣೆಯ ಬಹುಪಾಲು ತೊಡಕುಗಳು ಈ ಒಪ್ಪಿಗೆಯಿಂದಲೇ ಹುಟ್ಟುತ್ತವೆ.

ಹೆಸರು ಮತ್ತು ಹಿನ್ನೆಲೆ

ಸ್ಪೈವೇರ್ ಎಂಬ ಪದವು ೧೯೯೫ರ ಅಕ್ಟೋಬರ್‌ನಲ್ಲಿ ಯೂಸ್‌ನೆಟ್‌ನಲ್ಲಿ ಪ್ರಕಟವಾದ, ಮೈಕ್ರೋಸಾಫ್ಟ್‌ನ ವ್ಯಾಪಾರ ಪದ್ಧತಿಯನ್ನು ಗೇಲಿ ಮಾಡಿದ ಬರಹವೊಂದರಲ್ಲಿ ಕಾಣಿಸಿಕೊಂಡಿತು. ಇಂದಿನ ಅರ್ಥವು ಅದಕ್ಕೆ ಪ್ರಾಪ್ತವಾದದ್ದು ೨೦೦೦ದ ಸುಮಾರಿಗೆ. ಆ ವರ್ಷ ಸ್ಟೀವ್ ಗಿಬ್ಸನ್ ಅವರು ಆಪ್ಟ್‌ಔಟ್ ಎಂಬ ನಿವಾರಕ ತಂತ್ರಾಂಶವನ್ನು ಹೊರತಂದರು. ಲಾವಾಸಾಫ್ಟ್ ಸಂಸ್ಥೆಯ ಆಡ್-ಅವೇರ್ ಹಾಗೂ ಪ್ಯಾಟ್ರಿಕ್ ಕೊಲ್ಲಾ ಅವರ ಸ್ಪೈಬಾಟ್ ಆ ಕಾಲದಲ್ಲಿ ಮನೆಮಾತಾಗಿದ್ದ ಇತರ ನಿವಾರಕಗಳು. ಹಾಡುಗಳನ್ನು ಹಂಚಿಕೊಳ್ಳಲು ಬಳಸುತ್ತಿದ್ದ ಕಜಾ ತಂತ್ರಾಂಶದೊಡನೆ ಗೇಟರ್ ಮುಂತಾದ ಜಾಹೀರಾತು ತಂತ್ರಾಂಶಗಳು ಸೇರಿಕೊಂಡು ಬರುತ್ತಿದ್ದವು. ಬೊಂಜಿ ಬಡ್ಡಿ ಎಂಬ ನೇರಳೆ ಬಣ್ಣದ ಮಾತಾಡುವ ಗೊರಿಲ್ಲಾ ಮಕ್ಕಳನ್ನು ರಂಜಿಸುತ್ತಲೇ ಜಾಹೀರಾತುಗಳನ್ನು ತಂದು ಸುರಿಯುತ್ತಿತ್ತು. ೨೦೦೪ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೈಂಟ್ ಎಂಬ ಕಂಪನಿಯನ್ನು ಕೊಂಡುಕೊಂಡಿತು. ಅದರ ತಂತ್ರಾಂಶವೇ ೨೦೦೬ರಲ್ಲಿ ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ೨೦೧೨ರ ವಿಂಡೋಸ್ ೮ರಿಂದ ಅದು ವೈರಸ್ ನಿರೋಧಕವೂ ಆಗಿ ವಿಂಡೋಸ್‌ನ ಅಂಗವಾಗಿದೆ.

ಅನಪೇಕ್ಷಿತ ಎಂಬ ಮೃದುವಾದ ವಿಶೇಷಣದ ಹಿಂದೆ ಒಂದು ಕಾರಣವಿದೆ. ತಮ್ಮ ಸರಕನ್ನು ಗೂಢಚಾರಿ ಎಂದು ಕರೆಯುವುದಕ್ಕೆ ಜಾಹೀರಾತು ಕಂಪನಿಗಳು ಆಕ್ಷೇಪಿಸುತ್ತಿದ್ದವು. ಬಳಕೆದಾರರ ಒಪ್ಪಿಗೆ ಪಡೆದಿದ್ದೇವೆ ಎಂಬುದು ಅವುಗಳ ವಾದ. ಜ್ಯಾಂಗೋ ಎಂಬ ಕಂಪನಿಯು ತನ್ನ ತಂತ್ರಾಂಶವನ್ನು ತಡೆದುದಕ್ಕಾಗಿ ಕ್ಯಾಸ್ಪರ್‌ಸ್ಕಿ ವಿರುದ್ಧ ಅಮೆರಿಕದಲ್ಲಿ ದಾವೆ ಹೂಡಿ, ೨೦೦೯ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಇದೇ ಜ್ಯಾಂಗೋ ೨೦೦೬ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ ೩೦ ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತ್ತು. ನಿರೋಧಕ ತಂತ್ರಾಂಶಗಳು ಕೆಲವನ್ನು ತಾವಾಗಿಯೇ ಅಳಿಸದೆ "ಇದನ್ನು ತೆಗೆಯಬೇಕೆ?" ಎಂದು ಕೇಳುವುದು ಈ ಹಿನ್ನೆಲೆಯಿಂದಲೇ. ಉತ್ತರವನ್ನು ಗಣಕದ ಒಡೆಯರೇ ಕೊಡಬೇಕಾಗುತ್ತದೆ.

ಒಳಬರುವ ಬಗೆ

ಉಚಿತ ತಂತ್ರಾಂಶವೊಂದರ ಅನುಸ್ಥಾಪನೆಯ ವೇಳೆ ಜೊತೆಗೂಡಿ ಬರುವುದು ಅತ್ಯಂತ ಸಾಮಾನ್ಯವಾದ ಮಾರ್ಗ. ಶೀಘ್ರ ಅನುಸ್ಥಾಪನೆ ಎಂಬ ಆಯ್ಕೆಯಲ್ಲಿ ಈ ಜೊತೆಗಾರರ ಹೆಸರುಗಳು ಕಣ್ಣಿಗೆ ಬೀಳುವುದಿಲ್ಲ. ಕಸ್ಟಮ್ ಎಂಬುದನ್ನು ಆರಿಸಿದಾಗ ಮೊದಲೇ ಗುರುತು ಹಾಕಿದ ಚೌಕಗಳ ರೂಪದಲ್ಲಿ ಗೋಚರಿಸುತ್ತವೆ. ಪ್ರತಿಷ್ಠಿತ ತಾಣಗಳೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ೨೦೧೧ರಲ್ಲಿ ಡೌನ್‌ಲೋಡ್.ಕಾಮ್ ತಾಣವು ಎನ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶವನ್ನು ತನ್ನದೇ ಹೊದಿಕೆಯಲ್ಲಿ ಸುತ್ತಿ ಟೂಲ್‌ಬಾರ್ ಸಮೇತ ಹಂಚಿದ್ದಕ್ಕೆ ಅದರ ಕರ್ತೃವೇ ಬಹಿರಂಗವಾಗಿ ಪ್ರತಿಭಟಿಸಿದರು. ೨೦೧೫ರಲ್ಲಿ ಸೋರ್ಸ್‌ಫೋರ್ಜ್ ತಾಣದಲ್ಲಿ ಗಿಂಪ್ ಎಂಬ ಚಿತ್ರಸಂಪಾದಕಕ್ಕೂ ಇದೇ ಗತಿ ಬಂದಿತು. ಆದ್ದರಿಂದ ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳನ್ನೂ ಅವುಗಳ ಮೂಲ ತಾಣದಿಂದಲ್ಲದೆ ಹುಡುಕಾಟದಲ್ಲಿ ಮೊದಲು ಸಿಕ್ಕ ತಾಣದಿಂದ ಇಳಿಸಿಕೊಳ್ಳುವುದು ಸರಿಯಲ್ಲ.

ಹಣ ತೆತ್ತು ಕೊಳ್ಳಬೇಕಾದ ತಂತ್ರಾಂಶಗಳ ಬೀಗ ಮುರಿದ ಪ್ರತಿಗಳು ಇನ್ನೊಂದು ಹೆದ್ದಾರಿ. ಇಂತಹ ಪ್ರತಿಗಳು ವೈರಸ್ ನಿರೋಧಕವನ್ನು ಮೊದಲು ನಿಷ್ಕ್ರಿಯಗೊಳಿಸುವಂತೆ ಸೂಚಿಸುವುದು ವಾಡಿಕೆ. ಕಾವಲುಗಾರನನ್ನು ಹೊರಗೆ ಕಳುಹಿಸಿ ಎಂದು ಹೇಳುವ ಅತಿಥಿಯ ಬಗ್ಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಲಕ್ಷಣಗಳು

ಕೇಳದೆ ತೆರೆದುಕೊಳ್ಳುವ ಜಾಹೀರಾತು ಕಿಟಕಿಗಳು, ತಾನಾಗಿ ಬದಲಾದ ಹುಡುಕಾಟ ತಾಣ, ಪರಿಚಯವಿಲ್ಲದ ಟೂಲ್‌ಬಾರ್, ಸುಮ್ಮನಿರುವಾಗಲೂ ಸದ್ದು ಮಾಡುವ ಪಂಖ ಮುಂತಾದವು ಪ್ರಮುಖ ಸೂಚನೆಗಳು. ಮನೆಯ ಗಣಕದ ಕ್ರೋಮ್ ಬ್ರೌಸರಿನಲ್ಲಿ "ನಿಮ್ಮ ಸಂಸ್ಥೆಯು ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲು ಕಂಡುಬಂದರೆ ಯಾವುದೋ ತಂತ್ರಾಂಶವು ಬ್ರೌಸರಿಗೆ ತನ್ನ ನಿಯಮಗಳನ್ನು ವಿಧಿಸಿದೆ ಎಂದು ತಿಳಿಯಬೇಕು. ಕೆಲವು ವೈರಸ್ ನಿರೋಧಕಗಳೂ ಹೀಗೆ ಮಾಡುವುದರಿಂದ ಇದೊಂದೇ ಸಾಕ್ಷ್ಯ ಸಾಲದು. ಕೀಲಿಮಣೆಯ ಅಕ್ಷರಗಳನ್ನು ದಾಖಲಿಸುವ ನಿಜವಾದ ಬೇಹುಗಾರ ಯಾವ ಲಕ್ಷಣವನ್ನೂ ತೋರದೆ ಇರಬಲ್ಲನು. ಗದ್ದಲ ಮಾಡುವ ತಂತ್ರಾಂಶಕ್ಕಿಂತ ಮೌನವಾಗಿರುವುದೇ ಹೆಚ್ಚು ಅಪಾಯಕಾರಿ.

ನಿವಾರಣೆಯ ಕ್ರಮ

ಕೆಲಸಕ್ಕೆ ತೊಡಗುವ ಮೊದಲು ಅಂತರ್ಜಾಲ ಸಂಪರ್ಕವನ್ನು ಕಡಿದುಹಾಕಿ, ಛಾಯಾಚಿತ್ರ, ಪತ್ರ, ಲೆಕ್ಕಪತ್ರ ಮುಂತಾದ ಸ್ವಂತ ಕಡತಗಳನ್ನು ಮಾತ್ರ ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಇಳಿಸಿಕೊಂಡ ಅನುಸ್ಥಾಪನಾ ಕಡತಗಳನ್ನು ನಕಲಿಸಿದರೆ ರೋಗವೂ ಜೊತೆಗೆ ಹೋಗುತ್ತದೆ. ಡಿಸ್ಕಿನ ಗೂಢಲಿಪೀಕರಣ ಚಾಲನೆಯಲ್ಲಿರುವ ಗಣಕಗಳು ಮುಂದಿನ ಕೆಲವು ಹಂತಗಳಲ್ಲಿ ಬಿಟ್‌ಲಾಕರ್ ಚೇತರಿಕೆ ಕೀಲಿಯನ್ನು ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ದೊರೆಯುವ ಈ ೪೮ ಅಂಕೆಗಳನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ವಿವೇಕ.

ಬಳಿಕ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅನುಸ್ಥಾಪಿತ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಬೇಕು. ತೊಂದರೆ ಆರಂಭವಾದ ದಿನದ ಆಸುಪಾಸಿನಲ್ಲಿ ಒಟ್ಟಿಗೆ ಬಂದ ಮೂರು ನಾಲ್ಕು ಹೆಸರುಗಳು ಹಲವು ಬಾರಿ ಪ್ರಕರಣವನ್ನು ಅಲ್ಲೇ ಬಿಡಿಸುತ್ತವೆ. ಒಪ್ಪಿಗೆ ಪಡೆದು ಬಂದ ತಂತ್ರಾಂಶಗಳು ಕಾನೂನಿನ ತೋರಿಕೆಗಾಗಿ ಹೊರಹೋಗುವ ಬಾಗಿಲನ್ನೂ ಇಟ್ಟಿರುತ್ತವೆ. ಆದ್ದರಿಂದ ಕಡತಗಳನ್ನು ನೇರವಾಗಿ ಅಳಿಸುವುದಕ್ಕಿಂತ ಮೊದಲು ಅನ್‌ಇನ್‌ಸ್ಟಾಲ್ ಮಾಡಿ ನೋಡುವುದು ಕ್ರಮ. ಆಗ ಮೂಡುವ ಕಿಟಕಿಗಳ ಮಾತುಗಳನ್ನು ಎಚ್ಚರದಿಂದ ಓದಬೇಕು. "ಉಳಿಸಿಕೊಳ್ಳಿ" ಎಂಬ ಗುಂಡಿ ದೊಡ್ಡದಾಗಿ ಬಣ್ಣದಲ್ಲಿದ್ದು, "ತೆಗೆಯಿರಿ" ಎಂಬುದು ಸಣ್ಣ ಬೂದು ಅಕ್ಷರಗಳಲ್ಲಿ ಅಡಗಿರುವುದುಂಟು.

ಹೋಗಲೊಲ್ಲದ ತಂತ್ರಾಂಶಕ್ಕೆ ಸೇಫ್ ಮೋಡ್ ಉಪಯುಕ್ತ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆರಿಸಿದರೆ ಅದಕ್ಕೆ ಹಾದಿ ತೆರೆಯುತ್ತದೆ. ಈ ಸ್ಥಿತಿಯಲ್ಲಿ ವಿಂಡೋಸ್ ತನಗೆ ಅತ್ಯಗತ್ಯವಾದುದನ್ನು ಮಾತ್ರ ಚಾಲನೆಗೊಳಿಸುವುದರಿಂದ, ಒಂದನ್ನು ನಿಲ್ಲಿಸಿದರೆ ಮತ್ತೊಂದು ಎಬ್ಬಿಸುವ ಜೋಡಿ ತಂತ್ರಾಂಶಗಳು ಎರಡೂ ನಿದ್ರೆಯಲ್ಲಿರುತ್ತವೆ. ತರುವಾಯ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ಗಣಕವು ಮರುಪ್ರಾರಂಭಗೊಂಡು, ವಿಂಡೋಸ್ ಮೇಲೇಳುವ ಮೊದಲೇ ಸುಮಾರು ಕಾಲು ಗಂಟೆ ತಪಾಸಣೆ ನಡೆಯುತ್ತದೆ. ಅಡಗಿಕೊಳ್ಳುವ ವಿದ್ಯೆ ಬಲ್ಲ ತಂತ್ರಾಂಶಗಳಿಗೆ ಆಗ ಅಡಗಲು ಅವಕಾಶವಿರುವುದಿಲ್ಲ. ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಉಚಿತ ಆ್ಯಡ್‌ಡಬ್ಲ್ಯುಕ್ಲೀನರ್ ಜಾಹೀರಾತು ತಂತ್ರಾಂಶಗಳ ವಿಷಯದಲ್ಲಿ ಒಳ್ಳೆಯದು. ನಿರಂತರ ಕಾವಲಿನ ಎರಡು ವೈರಸ್ ನಿರೋಧಕಗಳನ್ನು ಏಕಕಾಲಕ್ಕೆ ಇಡುವುದರಿಂದ ರಕ್ಷಣೆ ಇಮ್ಮಡಿಯಾಗುವುದಿಲ್ಲ; ಒಂದನ್ನೊಂದು ಅನುಮಾನಿಸಿ ಗಣಕವನ್ನೇ ಕುಂಠಿತಗೊಳಿಸುತ್ತವೆ.

ಬ್ರೌಸರಿನ ಶುದ್ಧೀಕರಣವು ಪ್ರತ್ಯೇಕ ಕೆಲಸ. ಅಪರಿಚಿತ ಎಕ್ಸ್‌ಟೆನ್ಶನ್‌ಗಳನ್ನು ತೆಗೆದು, ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತರಬೇಕು. ಪರದೆಯ ಬಲಮೂಲೆಯಲ್ಲಿ "ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ" ಎಂದು ಪದೇ ಪದೇ ಮೂಡುವ ಎಚ್ಚರಿಕೆಗಳು ಬಹಳ ಸಲ ಯಾವ ತಂತ್ರಾಂಶದ ಕೆಲಸವೂ ಅಲ್ಲ. ಎಂದೋ ಒಂದು ಜಾಲತಾಣದಲ್ಲಿ "ಅಲೋ" ಎಂದು ಒತ್ತಿ ಕೊಟ್ಟ ಸೂಚನಾ ಅನುಮತಿಯ ಫಲ ಅದು. ಎಷ್ಟು ಬಾರಿ ಸ್ಕ್ಯಾನ್ ಮಾಡಿದರೂ ಏನೂ ಸಿಗದಿರಲು ಇದೇ ಕಾರಣ. ನೋಟಿಫಿಕೇಶನ್ ಅನುಮತಿಗಳ ಪಟ್ಟಿಯಿಂದ ಆ ತಾಣದ ಹೆಸರನ್ನು ತೆಗೆದ ಕೂಡಲೇ ಅವು ನಿಲ್ಲುತ್ತವೆ. ಹಾಗೆಯೇ, ಒಂದೇ ಖಾತೆಯನ್ನು ಎರಡು ಗಣಕಗಳಲ್ಲಿ ಬಳಸುವ ಮನೆಗಳಲ್ಲಿ, ಇಲ್ಲಿ ತೆಗೆದ ಎಕ್ಸ್‌ಟೆನ್ಶನ್ ಸಿಂಕ್ ಸೌಲಭ್ಯದ ಮೂಲಕ ಅಲ್ಲಿಂದ ಮರಳಿ ಬರಬಹುದು. ಮೊದಲು ಸಿಂಕ್ ನಿಲ್ಲಿಸಿ, ಎರಡೂ ಕಡೆ ತೆಗೆದು, ಅನಂತರವೇ ಮತ್ತೆ ಚಾಲನೆಗೊಳಿಸಬೇಕು.

ಉಳಿಕೆಗಳು

ತಂತ್ರಾಂಶ ಹೋದರೂ ಅದು ಬದಲಿಸಿದ ವ್ಯವಸ್ಥೆ ಹಾಗೆಯೇ ಉಳಿಯುವುದು ಈ ವಿಷಯದ ಕಠಿಣ ಭಾಗ. ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಲೆನೋವೋ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಅಳವಡಿಸಲಾಗಿದ್ದ ಸೂಪರ್‌ಫಿಶ್. ಜಾಹೀರಾತು ತೋರಿಸುವ ಸಲುವಾಗಿ ಅದು ಸುರಕ್ಷಿತ ಸಂಪರ್ಕಗಳ ನಡುವೆಯೇ ಕುಳಿತುಕೊಳ್ಳುವಂತೆ ತನ್ನದೊಂದು ಮೂಲ ಪ್ರಮಾಣಪತ್ರವನ್ನು ವಿಂಡೋಸ್‌ನಲ್ಲಿ ನೆಟ್ಟಿತ್ತು. ೨೦೧೫ರ ಫೆಬ್ರವರಿಯಲ್ಲಿ ಸಂಗತಿ ಬಯಲಾದಾಗ, ತಂತ್ರಾಂಶವನ್ನು ತೆಗೆದರೂ ಪ್ರಮಾಣಪತ್ರ ಉಳಿಯುತ್ತದೆಂದು ತಿಳಿದುಬಂದಿತು. ಅದರ ಗುಪ್ತ ಕೀಲಿ ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿದ್ದುದರಿಂದ, ಅದನ್ನು ಬಲ್ಲ ಯಾರೇ ಆದರೂ ನಕಲಿ ಬ್ಯಾಂಕ್ ತಾಣವನ್ನು ಅಸಲಿಯೆಂದು ತೋರಿಸಬಹುದಾಗಿತ್ತು. ಕೊನೆಗೆ ಲೆನೋವೋ ನಿವಾರಕವೊಂದನ್ನು ಬಿಡುಗಡೆ ಮಾಡಿತು. ಡಿಫೆಂಡರ್ ಕೂಡ ಪ್ರಮಾಣಪತ್ರವನ್ನು ಅಳಿಸತೊಡಗಿತು.

ಅದಕ್ಕೂ ಹಿಂದೆ, ೨೦೦೫ರ ಅಕ್ಟೋಬರ್ ೩೧ರಂದು, ಮಾರ್ಕ್ ರುಸಿನೋವಿಚ್ ಅವರು ಸೋನಿ ಬಿಎಂಜಿ ಕಂಪನಿಯ ಸಂಗೀತದ ಸಿ.ಡಿ.ಗಳು ಗಣಕದಲ್ಲಿ ಗುಟ್ಟಾಗಿ ರೂಟ್‌ಕಿಟ್ ಸ್ಥಾಪಿಸುತ್ತಿರುವುದನ್ನು ಪ್ರಕಟಿಸಿದ್ದರು. ಆ ಕಡತಗಳನ್ನು ಕೈಯಾರೆ ಅಳಿಸಿದರೆ ಸಿ.ಡಿ. ಚಾಲಕವೇ ಕಾಣದಂತಾಗುತ್ತಿತ್ತು, ಕಂಪನಿ ಒದಗಿಸಿದ ನಿವಾರಕವು ಹೊಸದೊಂದು ಸುರಕ್ಷತಾ ರಂಧ್ರವನ್ನೇ ತೆರೆಯಿತು. ಸಿಕ್ಕ ಕಡತವನ್ನೆಲ್ಲ ಅಳಿಸುವ ಉತ್ಸಾಹಕ್ಕೆ ಈ ಪ್ರಕರಣ ಒಳ್ಳೆಯ ಅಂಕುಶ.

ಸಾಮಾನ್ಯ ಬಳಕೆದಾರರು ನಿವಾರಣೆಯ ಬಳಿಕ ಪ್ರಾಕ್ಸಿ ಸೆಟ್ಟಿಂಗ್, ಡಿಎನ್‌ಎಸ್ ವಿಳಾಸ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿ ಮತ್ತು ಟಾಸ್ಕ್ ಶೆಡ್ಯೂಲರ್ ಇವುಗಳನ್ನು ಒಮ್ಮೆ ನೋಡಬೇಕು. ತೆಗೆದ ತಂತ್ರಾಂಶ ಮರುದಿನ ಬೆಳಗ್ಗೆ ಮತ್ತೆ ಹಾಜರಾದರೆ ಟಾಸ್ಕ್ ಶೆಡ್ಯೂಲರಿನಲ್ಲಿ ಅದರ ಬೀಜ ಉಳಿದಿರುವ ಸಂಭವ ಹೆಚ್ಚು.

ವೇಷಧಾರಿ ನಿವಾರಕಗಳು

ಸ್ಪೈಶೆರಿಫ್, ವಿನ್‌ಫಿಕ್ಸರ್ ಮುಂತಾದವು ನಿವಾರಕದ ವೇಷದಲ್ಲಿಯೇ ಹರಡಿದ ಕುತಂತ್ರಾಂಶಗಳು. ಇಲ್ಲದ ರೋಗವನ್ನು ತೋರಿಸಿ ಹಣ ಕೀಳುವುದು ಅವುಗಳ ಉದ್ಯೋಗವಾಗಿತ್ತು. ಇಂದು ಅದೇ ವ್ಯಾಪಾರ ದೂರವಾಣಿಗೆ ವಿಸ್ತರಿಸಿದೆ. ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು ಮತ್ತು ಒಂದು ಸಂಖ್ಯೆ. ಕರೆ ಮಾಡಿದವರಿಗೆ ಎನಿಡೆಸ್ಕ್‌ನಂತಹ ದೂರನಿಯಂತ್ರಣ ತಂತ್ರಾಂಶವನ್ನು ಅಳವಡಿಸಲು ಹೇಳುತ್ತಾರೆ. ಒಂಟಿಯಾಗಿರುವ ಹಿರಿಯರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ದೂರನಿಯಂತ್ರಣ ತಂತ್ರಾಂಶವು ಸ್ವತಃ ನ್ಯಾಯಬದ್ಧವಾದುದರಿಂದ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ; ಪಟ್ಟಿಯಲ್ಲಿ ಹುಡುಕಿ ತೆಗೆಯಬೇಕು. ಎಚ್ಚರಿಕೆಯ ಪುಟವನ್ನು ಮುಚ್ಚಲು ಆಲ್ಟ್ ಮತ್ತು ಎಫ್೪ ಕೀಲಿಗಳು ಅಥವಾ ಟಾಸ್ಕ್ ಮ್ಯಾನೇಜರ್ ಸಾಕು.

ಮರುಸ್ಥಾಪನೆ

ಕೀಲಿ ದಾಖಲಿಸುವ ತಂತ್ರಾಂಶ ಪತ್ತೆಯಾದಲ್ಲಿ, ಅಥವಾ ಅಪರಿಚಿತರ ಕೈಗೆ ಗಣಕದ ನಿಯಂತ್ರಣ ಹೋಗಿದ್ದಲ್ಲಿ, ಬಿಡಿಬಿಡಿಯಾಗಿ ಶುಚಿಗೊಳಿಸುತ್ತ ಕೂರುವುದಕ್ಕಿಂತ ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸುವುದೇ ಲೇಸು. ಅರ್ಧ ದಿನದ ಶ್ರಮವಾದರೂ ಅನುಮಾನಕ್ಕೆ ಎಡೆಯಿರುವುದಿಲ್ಲ. ವಿಂಡೋಸ್ ೧೦ಕ್ಕೆ ಉಚಿತ ಸುರಕ್ಷತಾ ನವೀಕರಣಗಳನ್ನೊಳಗೊಂಡ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ, ಹಳೆಯ ಗಣಕಗಳಲ್ಲಿ ಅದನ್ನೇ ಮತ್ತೆ ಸ್ಥಾಪಿಸುವ ಬದಲು ಲಿನಕ್ಸ್‌ನ ಯಾವುದಾದರೊಂದು ಆವೃತ್ತಿಯನ್ನು ಪರಿಶೀಲಿಸಬಹುದು.

ಗುಪ್ತಪದಗಳು ಮತ್ತು ದೂರು

ಗುಪ್ತಪದಗಳ ಬದಲಾವಣೆಯನ್ನು ಸೋಂಕಿದ ಗಣಕದಲ್ಲಿಯೇ ಮಾಡಿದರೆ ಹೊಸ ಗುಪ್ತಪದವನ್ನೂ ಬೇಹುಗಾರನಿಗೆ ಒಪ್ಪಿಸಿದಂತಾಗುತ್ತದೆ. ಬೇರೊಂದು ಶುದ್ಧ ಸಾಧನದಿಂದ ಮೊದಲು ಇ-ಅಂಚೆಯದನ್ನು, ಅನಂತರ ಬ್ಯಾಂಕಿನದನ್ನು ಬದಲಿಸಬೇಕು; ಉಳಿದ ಖಾತೆಗಳ ಗುಪ್ತಪದಗಳನ್ನು ಮರುಹೊಂದಿಸುವ ಕೊಂಡಿಗಳು ಇ-ಅಂಚೆಗೇ ಬರುವುದರಿಂದ ಈ ಅನುಕ್ರಮ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯಿದ್ದಲ್ಲಿ ಅದನ್ನೂ ಬಳಸಬೇಕು; ಬ್ರೌಸರಿನಿಂದ ಕದ್ದ ಕುಕಿಗಳ ಬಲದಿಂದ ಗುಪ್ತಪದವಿಲ್ಲದೆಯೂ ಖಾತೆಯೊಳಗೆ ಉಳಿಯುವವರಿದ್ದಾರೆ.

ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ೨೦೧೭ರ ಫೆಬ್ರವರಿಯಲ್ಲಿ ಆರಂಭಗೊಂಡಿದ್ದು, ನಿವಾರಕ ತಂತ್ರಾಂಶಗಳನ್ನು ಉಚಿತವಾಗಿ ಒದಗಿಸುತ್ತದೆ. ಮಾಲೀಕರ ಅನುಮತಿಯಿಲ್ಲದೆ ಗಣಕಕ್ಕೆ ಕಲುಷಿತ ತಂತ್ರಾಂಶವನ್ನು ಸೇರಿಸುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೪೩ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ವಂಚನೆಯ ಉದ್ದೇಶವಿದ್ದಲ್ಲಿ ೬೬ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಣ ಹೋಗಿದ್ದರೆ ತಡಮಾಡದೆ ೧೯೩೦ ಸಹಾಯವಾಣಿಗೆ ಮತ್ತು ಬ್ಯಾಂಕಿಗೆ ತಿಳಿಸಬೇಕು. ಮನೆಯವರೋ ಪರಿಚಿತರೋ ಕಣ್ಗಾವಲಿಗಾಗಿ ತಂತ್ರಾಂಶ ಇಟ್ಟಿರುವ ಶಂಕೆಯಿದ್ದಲ್ಲಿ ಅದನ್ನು ತೆಗೆದ ಕ್ಷಣವೇ ಇಟ್ಟವರಿಗೆ ಗೊತ್ತಾಗುವ ಸಾಧ್ಯತೆಯಿದೆ. ದೂರು ನೀಡುವ ಉದ್ದೇಶವಿರುವವರು ಗಣಕವನ್ನು ಶುಚಿಗೊಳಿಸುವ ಮೊದಲೇ ಪರದೆಯ ಛಾಯಾಚಿತ್ರಗಳನ್ನು ತೆಗೆದು, ತಂತ್ರಾಂಶದ ಹೆಸರು ಹಾಗೂ ಅನುಸ್ಥಾಪನೆಯ ದಿನಾಂಕವನ್ನು ಬರೆದಿಟ್ಟುಕೊಂಡು, ಯಂತ್ರವನ್ನು ಇದ್ದ ಸ್ಥಿತಿಯಲ್ಲಿಯೇ ಸೈಬರ್ ಅಪರಾಧ ಠಾಣೆಗೆ ಒಯ್ಯಬೇಕಾಗುತ್ತದೆ.