ರೇಸಿಂಗ್ ವಿಡಿಯೊ ಆಟಗಳಲ್ಲಿ ಪೋರ್ಷೆ 911

ಪೋರ್ಷೆ 911 ಜರ್ಮನಿಯ ಪೋರ್ಷೆ ಸಂಸ್ಥೆಯು 1964ರಿಂದ ತಯಾರಿಸುತ್ತಿರುವ ಸ್ಪೋರ್ಟ್ಸ್ ಕಾರು. ಇದರ ಹಳೆಯ ಮಾದರಿಗಳು ರೇಸಿಂಗ್ ವಿಡಿಯೊ ಆಟಗಳಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿವೆ. ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರುವುದರಿಂದ ಈ ಕಾರಿನ ಚಾಲನೆಯ ರೀತಿ ಇತರ ಕಾರುಗಳಿಗಿಂತ ಭಿನ್ನವಾಗಿದೆ. ಆದ್ದರಿಂದ ಆಟವೊಂದರ ಭೌತಶಾಸ್ತ್ರೀಯ ಮಾದರಿಯು ಎಷ್ಟು ನೈಜವಾಗಿದೆ ಎಂಬುದನ್ನು ಪರೀಕ್ಷಿಸಲು 911 ಒಳ್ಳೆಯ ಒರೆಗಲ್ಲಾಗಿದೆ. 2000ದಲ್ಲಿ ಬಿಡುಗಡೆಯಾದ 'ನೀಡ್ ಫಾರ್ ಸ್ಪೀಡ್: ಪೋರ್ಷೆ ಅನ್‌ಲೀಶ್ಡ್' ಈ ಸಂಸ್ಥೆಯ ಕಾರುಗಳಿಗಷ್ಟೇ ಮೀಸಲಾದ ಆಟವಾಗಿತ್ತು. ಆನಂತರ ಪರವಾನಗಿಯ ಕಾರಣದಿಂದ 2016ರ ಕೊನೆಯವರೆಗೆ ಬೇರೆ ಕಂಪನಿಗಳ ಬಹುಪಾಲು ಆಟಗಳಲ್ಲಿ ಪೋರ್ಷೆ ಕಾರುಗಳು ಕಾಣಿಸಿಕೊಳ್ಳಲಿಲ್ಲ.

ಹಿನ್ನೆಲೆ

911 ಕಾರನ್ನು ಮೊದಲು 1963ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಪ್ರದರ್ಶಿಸಲಾಯಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳ ಬಳಕೆಗೆ ಫ್ರಾನ್ಸ್‌ನ ಪ್ಯೂಜೊ ಸಂಸ್ಥೆ ಆಕ್ಷೇಪಿಸಿದ್ದರಿಂದ 1964ರಲ್ಲಿ ಹೆಸರನ್ನು 911 ಎಂದು ಬದಲಿಸಲಾಯಿತು. ಇದರ ಹೊರರೂಪವನ್ನು ಫರ್ಡಿನಂಡ್ ಅಲೆಕ್ಸಾಂಡರ್ ಪೋರ್ಷೆ ವಿನ್ಯಾಸಗೊಳಿಸಿದರು. ಮೊದಲ ಮಾದರಿಯಲ್ಲಿ ಗಾಳಿಯಿಂದ ತಂಪಾಗುವ, ಎರಡು ಬದಿಗೆ ಮೂರು ಮೂರರಂತೆ ಅಡ್ಡಲಾಗಿ ಮಲಗಿದ ಆರು ಸಿಲಿಂಡರುಗಳ 1991 ಸಿಸಿ ಎಂಜಿನ್ ಇತ್ತು. ಅದು 130 ಅಶ್ವಶಕ್ತಿಯನ್ನು ಉತ್ಪಾದಿಸುತ್ತಿತ್ತು. ಸುಮಾರು 1080 ಕಿ.ಗ್ರಾಂ ತೂಕದ ಈ ಕಾರು ಗಂಟೆಗೆ 210 ಕಿ.ಮೀ. ವೇಗವನ್ನು ತಲುಪಬಲ್ಲದಾಗಿತ್ತು.

ಆಟಗಳಲ್ಲಿ ಹೆಚ್ಚಾಗಿ ಕಂಡುಬರುವ ಹಳೆಯ ಮಾದರಿಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು 1972ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಕರೆರಾ ಆರ್‌ಎಸ್ 2.7. ರೇಸಿನ ನಿಯಮಕ್ಕೆ ಅಗತ್ಯವಾಗಿದ್ದ 500 ಕಾರುಗಳನ್ನಷ್ಟೇ ತಯಾರಿಸುವ ಉದ್ದೇಶವಿದ್ದರೂ ಬೇಡಿಕೆ ಹೆಚ್ಚಿದ್ದರಿಂದ 1,580 ಕಾರುಗಳು ತಯಾರಾದವು. ಹಿಂಭಾಗದಲ್ಲಿ ಬಾತುಕೋಳಿಯ ಬಾಲದಂತೆ ಮೇಲೆದ್ದ ಸ್ಪಾಯ್ಲರ್ ಇದರ ಗುರುತಾಗಿದೆ. ಎರಡನೆಯದು 1974ರಲ್ಲಿ ಪರಿಚಯಿಸಲ್ಪಟ್ಟ 911 ಟರ್ಬೊ. ಸಂಸ್ಥೆಯ ಒಳಗಿನ ಸಂಖ್ಯೆಯಿಂದ ಇದು 930 ಎಂದು ಪ್ರಸಿದ್ಧವಾಗಿದೆ. 3.0 ಲೀಟರ್ ಎಂಜಿನ್‌ನಿಂದ 260 ಅಶ್ವಶಕ್ತಿಯನ್ನು ನೀಡುತ್ತಿದ್ದ ಈ ಕಾರಿಗೆ ನಾಲ್ಕು ಗೇರುಗಳಷ್ಟೇ ಇದ್ದವು. ಅನುಭವವಿಲ್ಲದ ಚಾಲಕರ ಕೈಯಲ್ಲಿ ಇದು ಅಪಾಯಕಾರಿಯಾಗಿದ್ದುದರಿಂದ, ಹೆಂಡತಿಯನ್ನು ವಿಧವೆಯಾಗಿಸುವ ಕಾರು ಎಂಬ ಅರ್ಥದ 'ವಿಡೋಮೇಕರ್' ಎಂಬ ಅಡ್ಡಹೆಸರು ಇದಕ್ಕೆ ಬಂದಿತು.

ಚಾಲನೆಯ ವಿಶಿಷ್ಟತೆ

ಹಳೆಯ 911ರ ತೂಕದಲ್ಲಿ ಸುಮಾರು ಶೇ 60ರಷ್ಟು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಇದರಿಂದ ಒಂದು ಅನುಕೂಲವೂ ಎರಡು ತೊಂದರೆಗಳೂ ಉಂಟಾಗುತ್ತವೆ.

ಅನುಕೂಲವೆಂದರೆ ಎಳೆತ. ಎಂಜಿನ್‌ನ ಶಕ್ತಿ ಹಿಂದಿನ ಚಕ್ರಗಳಿಗೇ ಹೋಗುತ್ತದೆ ಮತ್ತು ಎಂಜಿನ್‌ನ ಭಾರವೂ ಅವುಗಳ ಮೇಲೆಯೇ ಇರುತ್ತದೆ. ಆದ್ದರಿಂದ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಚಕ್ರಗಳು ಸುಲಭವಾಗಿ ಜಾರದೆ ಕಾರನ್ನು ಮುಂದೆ ತಳ್ಳುತ್ತವೆ.

ಮೊದಲನೆಯ ತೊಂದರೆ ತಿರುವಿನ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂಭಾರವಾದ ಗಾಡಿಯಲ್ಲಿ ನೊಗ ಮೇಲೇಳುವಂತೆ, ವೇಗವನ್ನು ಹೆಚ್ಚಿಸುವಾಗ 911ರ ಮುಂಭಾಗ ಹಗುರವಾಗುತ್ತದೆ. ಮುಂದಿನ ಟೈರುಗಳಿಗೆ ಹಿಡಿತ ಸಾಲದೆ, ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ. ಇದನ್ನು ಅಂಡರ್‌ಸ್ಟಿಯರ್ ಎಂದು ಕರೆಯಲಾಗುತ್ತದೆ.

ಎರಡನೆಯ ತೊಂದರೆ ಹೆಚ್ಚು ಗಂಭೀರವಾದುದು. ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಚಾಲಕನು ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಭಾರವು ಮುಂದಕ್ಕೆ ಸರಿದು ಹಿಂದಿನ ಟೈರುಗಳ ಮೇಲಿನ ಒತ್ತಡ ತಗ್ಗುತ್ತದೆ. ಹಿಡಿತ ಕಡಿಮೆಯಾದ ಆ ಕ್ಷಣದಲ್ಲಿಯೇ ಹಿಂತುದಿಯಲ್ಲಿರುವ ಎಂಜಿನ್‌ನ ಭಾರವು ಹೊರಮುಖವಾಗಿ ಬೀಸುತ್ತದೆ. ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕುವಂತೆ ತಿರುಗಿಬಿಡುತ್ತದೆ. ಇದಕ್ಕೆ ಲಿಫ್ಟ್-ಆಫ್ ಓವರ್‌ಸ್ಟಿಯರ್ ಎಂದು ಹೆಸರು. ಹೆದರಿದಾಗ ಕಾಲು ತೆಗೆಯುವುದು ಮನುಷ್ಯನ ಸಹಜ ಪ್ರತಿಕ್ರಿಯೆಯಾಗಿದ್ದು, ಹಳೆಯ 911ರಲ್ಲಿ ಆ ಪ್ರತಿಕ್ರಿಯೆಯೇ ಅಪಘಾತಕ್ಕೆ ಕಾರಣವಾಗಬಲ್ಲದು. 930ರಲ್ಲಿ ಟರ್ಬೊದ ವಿಳಂಬವೂ ಇದರೊಂದಿಗೆ ಸೇರುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಶಕ್ತಿ ಬರುವುದಿಲ್ಲ. ಸ್ವಲ್ಪ ತಡವಾಗಿ, ಹಲವೊಮ್ಮೆ ತಿರುವಿನ ನಡುವೆಯೇ, ಒಮ್ಮೆಲೇ ಬರುತ್ತದೆ.

ಈ ಗುಣವನ್ನು ತಗ್ಗಿಸಲು ಪೋರ್ಷೆ ಸಂಸ್ಥೆಯು ಹಂತಹಂತವಾಗಿ ಪ್ರಯತ್ನಿಸಿತು. 1969ರ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 57 ಮಿ.ಮೀ. ಹೆಚ್ಚಿಸಲಾಯಿತು. ಒಂದು ಬ್ಯಾಟರಿಯ ಬದಲಿಗೆ ಎರಡು ಬ್ಯಾಟರಿಗಳನ್ನು ಮುಂಭಾಗದ ಎರಡು ಬದಿಗಳಲ್ಲಿ ಇರಿಸಲಾಯಿತು. 1989ರಿಂದ ಮಾರಾಟಕ್ಕೆ ಬಂದ 964 ಪೀಳಿಗೆಯಲ್ಲಿ ಪವರ್ ಸ್ಟೀರಿಂಗ್ ಮತ್ತು ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕ್ ವ್ಯವಸ್ಥೆಗಳು ಬಂದವು. ಅದಕ್ಕಿಂತ ಹಿಂದಿನ ಪೀಳಿಗೆಗಳಲ್ಲಿ ಕಾರಿನ ಸಮತೋಲನವೆಲ್ಲವೂ ಚಾಲಕನ ಕೈಕಾಲುಗಳನ್ನೇ ಅವಲಂಬಿಸಿತ್ತು.

ಆಟಗಳಲ್ಲಿ ಅನುಕರಣೆ

ಇಂತಹ ಕಾರನ್ನು ಆಟದಲ್ಲಿ ನೈಜವಾಗಿ ತೋರಿಸಲು ಅದರ ರೂಪವನ್ನು ಚಿತ್ರಿಸಿದರೆ ಸಾಲದು. ಸರಳವಾದ ಆಟಗಳು ಕಾರನ್ನು ಒಂದೇ ಬಿಂದುವಿನಂತೆ ಪರಿಗಣಿಸಿ, ಗುಂಡಿ ಒತ್ತಿದತ್ತ ಅದನ್ನು ತಿರುಗಿಸುತ್ತವೆ. ಅಂತಹ ಆಟದಲ್ಲಿ ಎಂಜಿನ್ ಮುಂದಿರಲಿ ಹಿಂದಿರಲಿ ಚಾಲನೆಯಲ್ಲಿ ವ್ಯತ್ಯಾಸವಿರುವುದಿಲ್ಲ. ಸಿಮ್ಯುಲೇಷನ್ ಮಾದರಿಯ ಆಟಗಳು ನಾಲ್ಕು ಚಕ್ರಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತವೆ. ಪ್ರತಿಯೊಂದು ಚಕ್ರದ ಮೇಲೆ ಬೀಳುವ ಭಾರ, ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂಬುದು, ಟೈರು ತಾನು ಮುಖಮಾಡಿದ ದಿಕ್ಕಿಗೂ ನಿಜವಾಗಿ ಚಲಿಸುವ ದಿಕ್ಕಿಗೂ ನಡುವಿನ ಕೋನ ಇವೆಲ್ಲವನ್ನೂ ಸೆಕೆಂಡಿಗೆ ನೂರಾರು ಬಾರಿ ಗಣಿಸಲಾಗುತ್ತದೆ. ಈ ಲೆಕ್ಕ ಸರಿಯಿದ್ದರೆ ಲಿಫ್ಟ್-ಆಫ್ ಓವರ್‌ಸ್ಟಿಯರ್ ಅನ್ನು ಪ್ರತ್ಯೇಕವಾಗಿ ರೂಪಿಸಬೇಕಾಗಿಲ್ಲ. ಭಾರದ ಹಂಚಿಕೆಯಿಂದ ಅದು ತಾನಾಗಿಯೇ ಉಂಟಾಗುತ್ತದೆ.

ಆಟಗಾರನಿಗೆ ಕಾರಿನ ಸ್ಥಿತಿಯನ್ನು ತಿಳಿಸುವ ಮುಖ್ಯ ಸಾಧನ ಫೋರ್ಸ್ ಫೀಡ್‌ಬ್ಯಾಕ್ ಇರುವ ಸ್ಟೀರಿಂಗ್ ಚಕ್ರ. ಇದರೊಳಗಿನ ಮೋಟಾರು, ಮುಂದಿನ ಟೈರುಗಳಿಂದ ಸ್ಟೀರಿಂಗ್‌ಗೆ ಬರುವ ಪ್ರತಿರೋಧವನ್ನು ಆಟಗಾರನ ಕೈಗೆ ಮುಟ್ಟಿಸುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ 911ರಲ್ಲಿ ಈ ಪ್ರತಿರೋಧದ ಏರಿಳಿತ ಸ್ಪಷ್ಟವಾಗಿರುತ್ತದೆ. ಮುಂಭಾಗ ಹಗುರವಾದಾಗ ಸ್ಟೀರಿಂಗ್ ಕೂಡ ಸಡಿಲವಾಗುತ್ತದೆ.

ಬಹುತೇಕ ಆಟಗಳಲ್ಲಿ ಚಾಲಕನಿಗೆ ನೆರವಾಗುವ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಸ್ಥಿರತಾ ನಿಯಂತ್ರಣಗಳನ್ನು ಎಲ್ಲಾ ಕಾರುಗಳಿಗೂ ಅನ್ವಯಿಸಬಹುದು. 1973ರ ಕಾರಿನಲ್ಲಿ ಇಲ್ಲದಿದ್ದ ಈ ನೆರವುಗಳು ಆಟದಲ್ಲಿ ಚಾಲ್ತಿಯಲ್ಲಿದ್ದರೆ ಹೊಸಬರಿಗೆ ಅನುಕೂಲವಾಗುತ್ತದೆ. ಆದರೆ ಹಳೆಯ ಕಾರಿಗೂ ಹೊಸ ಕಾರಿಗೂ ಇರುವ ವ್ಯತ್ಯಾಸದ ಬಹುಭಾಗ ಅಳಿಸಿಹೋಗುತ್ತದೆ. 'ಅಸೆಟ್ಟೊ ಕೋರ್ಸಾ'ದಂತಹ ಸಿಮ್ಯುಲೇಷನ್ ಆಟಗಳಲ್ಲಿ, ನಿಜವಾದ ಕಾರಿನಲ್ಲಿ ಇರುವ ನೆರವುಗಳನ್ನಷ್ಟೇ ಬಳಸುವ ಆಯ್ಕೆಯನ್ನು ನೀಡಲಾಗಿದೆ.

ಚಾಲನಾ ತಂತ್ರ

ನೈಜತೆಗೆ ಒತ್ತು ನೀಡುವ ಆಟಗಳಲ್ಲಿ ಹಳೆಯ 911 ಓಡಿಸಲು ಬಳಕೆಯಾಗುವ ತಂತ್ರಗಳು ನಿಜವಾದ ಕಾರಿನ ಚಾಲನೆಯಿಂದಲೇ ಬಂದವುಗಳಾಗಿವೆ.

- ಬ್ರೇಕ್: ವೇಗವನ್ನು ಬಹುಪಾಲು ನೇರ ರಸ್ತೆಯಲ್ಲಿಯೇ ತಗ್ಗಿಸಲಾಗುತ್ತದೆ. ಎಬಿಎಸ್ ಇಲ್ಲದಿರುವುದರಿಂದ ಪೆಡಲನ್ನು ಪೂರ್ತಿ ಒತ್ತಿದರೆ ಚಕ್ರಗಳು ಬಿಗಿದುಕೊಂಡು ಕಾರು ಜಾರುತ್ತದೆ.
- ತಿರುವಿನ ಪ್ರವೇಶ: ಬ್ರೇಕನ್ನು ನಿಧಾನವಾಗಿ ಬಿಡುತ್ತಾ ಸ್ಟೀರಿಂಗ್ ತಿರುಗಿಸಿದರೆ, ಮುಂದಿನ ಚಕ್ರಗಳ ಮೇಲೆ ಉಳಿದ ಭಾರವು ಕಾರಿನ ಮುಂಭಾಗವನ್ನು ತಿರುವಿನೊಳಗೆ ಎಳೆಯುತ್ತದೆ.
- ತಿರುವಿನ ನಡುವೆ: ಆಕ್ಸಿಲರೇಟರ್ ಅನ್ನು ಸಮನಾಗಿ ಹಿಡಿಯಲಾಗುತ್ತದೆ. ಹಿಂಭಾಗ ಜಾರತೊಡಗಿದರೆ ಪೂರ್ತಿ ಕಾಲು ತೆಗೆಯದೆ, ಸ್ಟೀರಿಂಗನ್ನು ಜಾರುವ ದಿಕ್ಕಿಗೆ ತಿರುಗಿಸಲಾಗುತ್ತದೆ.
- ತಿರುವಿನ ಹೊರಗೆ: ಕಾರು ನೇರವಾಗುತ್ತಿದ್ದಂತೆ ಪೂರ್ತಿ ಶಕ್ತಿಯನ್ನು ಬಳಸಬಹುದು. 930ರಲ್ಲಿ ಟರ್ಬೊ ವಿಳಂಬವನ್ನು ಅಂದಾಜು ಮಾಡಿ ಆಕ್ಸಿಲರೇಟರ್ ಅನ್ನು ಸ್ವಲ್ಪ ಮೊದಲೇ ಒತ್ತಬೇಕಾಗುತ್ತದೆ.
- ಗೇರು ಇಳಿಸುವಿಕೆ: ಬಲಗಾಲಿನ ಮುಂಭಾಗದಿಂದ ಬ್ರೇಕನ್ನು ಒತ್ತಿಹಿಡಿದು, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಎಂಜಿನ್ ವೇಗವನ್ನು ಹೊಂದಿಸುವ 'ಹೀಲ್ ಅಂಡ್ ಟೋ' ವಿಧಾನ ರೂಢಿಯಲ್ಲಿದೆ. ಇದಕ್ಕೆ ಮೂರು ಪೆಡಲುಗಳ ಉಪಕರಣ ಅಗತ್ಯ.

ಇತಿಹಾಸ

ಆರಂಭ ಮತ್ತು ಪೋರ್ಷೆ ಅನ್‌ಲೀಶ್ಡ್

1994ರಲ್ಲಿ 3ಡಿಒ ಸಾಧನಕ್ಕಾಗಿ ಬಿಡುಗಡೆಯಾದ ಮೊದಲ 'ನೀಡ್ ಫಾರ್ ಸ್ಪೀಡ್' ಆಟದಲ್ಲಿ 911 ಕರೆರಾ ಇತ್ತು. ಆದರೆ ಅದು ಆ ಕಾಲದ ಹೊಸ ಕಾರಾಗಿತ್ತು. ಹಳೆಯ ಮಾದರಿಗಳಿಗೆ ಪ್ರಾಶಸ್ತ್ಯ ದೊರೆತದ್ದು ಇದೇ ಸರಣಿಯ ಐದನೆಯ ಆಟವಾದ 'ಪೋರ್ಷೆ ಅನ್‌ಲೀಶ್ಡ್'ನಲ್ಲಿ. ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಪ್ರಕಟಿಸಿದ ಈ ಆಟದ ವಿಂಡೋಸ್ ಆವೃತ್ತಿಯನ್ನು ಇಎ ಕೆನಡಾ ಹಾಗೂ ಪ್ಲೇಸ್ಟೇಷನ್ ಆವೃತ್ತಿಯನ್ನು ಫ್ರಾನ್ಸ್‌ನ ಈಡನ್ ಸ್ಟುಡಿಯೋಸ್ ತಯಾರಿಸಿದವು. ಯುರೋಪಿನಲ್ಲಿ ಇದು 'ಪೋರ್ಷೆ 2000' ಎಂಬ ಹೆಸರಿನಿಂದ ಮಾರಾಟವಾಯಿತು.

ಆಟದ 'ಎವಲ್ಯೂಷನ್' ವಿಭಾಗದಲ್ಲಿ ಆಟಗಾರನು 1950ರ ಪೋರ್ಷೆ 356 ಕಾರಿನಿಂದ ಆರಂಭಿಸಿ, ರೇಸಿನಲ್ಲಿ ಗೆದ್ದ ಹಣದಿಂದ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ, ಮಾರಿ, 2000ದವರೆಗೆ ಸಾಗಬೇಕಾಗಿತ್ತು. ಹೀಗೆ ಐವತ್ತು ವರ್ಷಗಳಲ್ಲಿ ಒಂದು ಸಂಸ್ಥೆಯ ಕಾರುಗಳು ಬದಲಾದ ಬಗೆಯನ್ನು ಆಟಗಾರನು ಓದದೆ, ಓಡಿಸಿಯೇ ತಿಳಿಯುವಂತಾಯಿತು. 'ಫ್ಯಾಕ್ಟರಿ ಡ್ರೈವರ್' ಎಂಬ ಇನ್ನೊಂದು ವಿಭಾಗದಲ್ಲಿ ಆಟಗಾರನು ಪೋರ್ಷೆಯ ಪರೀಕ್ಷಾ ಚಾಲಕನಾಗಿ ಕಂಬಗಳ ನಡುವೆ ಅಂಕುಡೊಂಕಾಗಿ ಓಡಿಸುವುದು, ಉದ್ದೇಶಪೂರ್ವಕವಾಗಿ ಕಾರನ್ನು ಜಾರಿಸಿ ತಿರುಗಿಸುವುದು ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಿತ್ತು. ನಾರ್ಮಂಡಿ, ಪಿರನೀಸ್, ಕಾರ್ಸಿಕಾ, ಆಲ್ಪ್ಸ್ ಮೊದಲಾದ ಯುರೋಪಿನ ಪ್ರದೇಶಗಳನ್ನು ಆಧರಿಸಿದ ರಸ್ತೆಗಳು ಇದರಲ್ಲಿದ್ದವು. 2002ರ 'ಹಾಟ್ ಪರ್ಸ್ಯೂಟ್ 2' ಮತ್ತು 2003ರ 'ಅಂಡರ್‌ಗ್ರೌಂಡ್' ಆಟಗಳೊಂದಿಗೆ ಸರಣಿಯು ಈ ದಾರಿಯನ್ನು ಬಿಟ್ಟು ಸರಳ ಚಾಲನೆಯ ಕಡೆಗೆ ತಿರುಗಿತು.

ಏಕಸ್ವಾಮ್ಯ ಪರವಾನಗಿ ಮತ್ತು ರೂಫ್

ಆಟದಲ್ಲಿ ನಿಜವಾದ ಕಾರಿನ ಹೆಸರು, ಚಿಹ್ನೆ ಮತ್ತು ರೂಪವನ್ನು ಬಳಸಲು ತಯಾರಕರ ಪರವಾನಗಿ ಬೇಕು. ಪೋರ್ಷೆಯ ವಿಷಯದಲ್ಲಿ ಈ ಪರವಾನಗಿಯು 2000ದಿಂದ 2016ರ ಕೊನೆಯವರೆಗೆ ಇಎ ಸಂಸ್ಥೆಗೆ ಮೀಸಲಾಗಿತ್ತು. ಬೇರೆ ಆಟಗಳಿಗೆ ಇಎ ಒಪ್ಪಿಗೆಯಿಂದ ಉಪಪರವಾನಗಿ ಪಡೆಯುವುದು ಅನಿವಾರ್ಯವಾಗಿತ್ತು. ಮೈಕ್ರೋಸಾಫ್ಟ್‌ನ 'ಫೋರ್ಜಾ ಮೋಟರ್‌ಸ್ಪೋರ್ಟ್' ಸರಣಿಯ ಮೊದಲ ಆಟಗಳಲ್ಲಿ ಪೋರ್ಷೆಗಳಿದ್ದವು. 2011ರ ನಾಲ್ಕನೆಯ ಆಟ ಅವುಗಳಿಲ್ಲದೆಯೇ ಬಿಡುಗಡೆಯಾಗಿ, 2012ರಲ್ಲಿ ಪ್ರತ್ಯೇಕ ಕಂತಾಗಿ ಸೇರಿಸಿಕೊಂಡಿತು.

ಈ ಕೊರತೆಯನ್ನು ತುಂಬಿದ್ದು ಜರ್ಮನಿಯ ಫಫನ್‌ಹೌಸನ್ ಊರಿನ ರೂಫ್ ಸಂಸ್ಥೆಯ ಕಾರುಗಳು. ರೂಫ್ ಪೋರ್ಷೆಯ ಕಾರು ಚೌಕಟ್ಟುಗಳನ್ನು ಆಧರಿಸಿ ತನ್ನದೇ ಕಾರುಗಳನ್ನು ತಯಾರಿಸುತ್ತದೆ. 1981ರಲ್ಲಿ ಜರ್ಮನಿ ಇದಕ್ಕೆ ಸ್ವತಂತ್ರ ಕಾರು ತಯಾರಕನೆಂಬ ಮಾನ್ಯತೆ ನೀಡಿತು. ಆದ್ದರಿಂದ ಇದರ ಕಾರುಗಳಿಗೆ ಪೋರ್ಷೆಯ ಪರವಾನಗಿ ಬೇಕಾಗಿರಲಿಲ್ಲ. ಜಪಾನಿನ 'ಗ್ರ್ಯಾನ್ ಟುರಿಸ್ಮೊ' ಸರಣಿಯು 1999ರ ಎರಡನೆಯ ಆಟದಿಂದಲೇ ರೂಫ್ ಕಾರುಗಳನ್ನು ಬಳಸಿತು. 'ಯೆಲ್ಲೋಬರ್ಡ್' ಎಂದು ಖ್ಯಾತವಾದ, 1987ರ 469 ಅಶ್ವಶಕ್ತಿಯ ರೂಫ್ ಸಿಟಿಆರ್ ಕಾರು ಆಟಗಾರರಲ್ಲಿ ಹೆಸರಾಗಲು ಇಂತಹ ಆಟಗಳೂ ಕಾರಣವಾದವು.

ಮರಳುವಿಕೆ

2015ರ 'ನೀಡ್ ಫಾರ್ ಸ್ಪೀಡ್' ಆಟದಲ್ಲಿ ಹಳೆಯ 911ಗಳನ್ನು ಮಾರ್ಪಡಿಸುವುದರಲ್ಲಿ ಪ್ರಸಿದ್ಧರಾದ ಮ್ಯಾಗ್ನಸ್ ವಾಕರ್ ಮತ್ತು ಜಪಾನಿನ ಅಕಿರಾ ನಕಾಯಿ ಕಾಣಿಸಿಕೊಂಡರು. 2016ರ ಕೊನೆಯ ತಿಂಗಳುಗಳಲ್ಲಿ ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿ ಸಂಸ್ಥೆಯ 'ಅಸೆಟ್ಟೊ ಕೋರ್ಸಾ' ಆಟಕ್ಕೆ ಮೂರು ಕಂತುಗಳಲ್ಲಿ ಪೋರ್ಷೆ ಕಾರುಗಳು ಸೇರ್ಪಡೆಯಾದವು. 2017ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 'ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್' ಮೂಲಕ ಆ ಸರಣಿಗೆ ಮೊದಲ ಬಾರಿಗೆ ಪೋರ್ಷೆ ಹೆಸರು ಬಂದಿತು. 2022ರ 'ಗ್ರ್ಯಾನ್ ಟುರಿಸ್ಮೊ 7'ರಲ್ಲಿ 1973ರ ಕರೆರಾ ಆರ್‌ಎಸ್ ಮತ್ತು 930 ಟರ್ಬೊ ಎರಡೂ ಇವೆ.

ಮಿತಿಗಳು

ಆಟದಲ್ಲಿ ಮೈಮೇಲೆ ಬೀಳುವ ವೇಗದ ಒತ್ತಡ ಅನುಭವಕ್ಕೆ ಬರುವುದಿಲ್ಲ. ನಿಜವಾದ ಕಾರಿನಲ್ಲಿ ಹಿಂಭಾಗ ಜಾರುವುದು ಚಾಲಕನಿಗೆ ಮೊದಲು ಆಸನದ ಮೂಲಕ ತಿಳಿಯುತ್ತದೆ. ಆಟಗಾರನು ಅದನ್ನು ಪರದೆಯ ಚಲನೆ, ಟೈರಿನ ಸದ್ದು ಮತ್ತು ಸ್ಟೀರಿಂಗ್‌ನ ಸೆಳೆತದಿಂದಲೇ ಊಹಿಸಬೇಕು. ಆದ್ದರಿಂದ ಕೆಲವು ವಿಷಯಗಳಲ್ಲಿ ಆಟದಲ್ಲಿನ ಕಾರು ನಿಜವಾದ ಕಾರಿಗಿಂತ ಕಷ್ಟವೆನಿಸಬಹುದು. ಇನ್ನೊಂದೆಡೆ ಆಟದಲ್ಲಿ ಭಯವಿಲ್ಲ. ತಪ್ಪಿದರೆ ಮತ್ತೆ ಆರಂಭಿಸಬಹುದಾದ್ದರಿಂದ, ಹೆದರಿ ಕಾಲು ತೆಗೆಯುವ ಸಹಜ ಪ್ರತಿಕ್ರಿಯೆಯ ಪರೀಕ್ಷೆ ಅಲ್ಲಿ ಪೂರ್ಣವಾಗಿ ನಡೆಯುವುದಿಲ್ಲ.

ಸಂರಕ್ಷಣೆಯ ಪ್ರಶ್ನೆ

ಗಾಳಿಯಿಂದ ತಂಪಾಗುವ 911ರ ತಯಾರಿಕೆ 1998ರಲ್ಲಿ 993 ಪೀಳಿಗೆಯೊಂದಿಗೆ ಮುಗಿಯಿತು. ಉಳಿದಿರುವ ಅಪರೂಪದ ಮಾದರಿಗಳು ವಸ್ತುಸಂಗ್ರಹಾಲಯಗಳಲ್ಲಿ ಅಥವಾ ಸಂಗ್ರಾಹಕರ ಬಳಿ ಇವೆ. ಅವುಗಳನ್ನು ಮಿತಿಯವರೆಗೆ ಓಡಿಸುವುದು ವಿರಳ. ಹೆಚ್ಚಿನ ಜನರಿಗೆ ಇವುಗಳ ಚಾಲನೆಯ ಗುಣವನ್ನು ಅರಿಯಲು ಇರುವ ದಾರಿ ವಿಡಿಯೊ ಆಟಗಳೇ.

ಆದರೆ ಆಟಗಳ ಆಯುಷ್ಯವು ಕಾರುಗಳ ಆಯುಷ್ಯಕ್ಕಿಂತ ಚಿಕ್ಕದು. ಪರವಾನಗಿಯ ಅವಧಿ ಮುಗಿದಾಗ ಆಟವನ್ನು ಡಿಜಿಟಲ್ ಮಳಿಗೆಗಳಿಂದ ಹಿಂತೆಗೆಯಲಾಗುತ್ತದೆ. ಪರವಾನಗಿ ಮುಗಿದ ಕಾರಣ 'ಪ್ರಾಜೆಕ್ಟ್ ಕಾರ್ಸ್' ಮತ್ತು 'ಪ್ರಾಜೆಕ್ಟ್ ಕಾರ್ಸ್ 2' ಆಟಗಳ ಮಾರಾಟ 2022ರಲ್ಲಿ ನಿಂತಿತು. 'ಫೋರ್ಜಾ ಹೊರೈಜನ್ 4' ಆಟವನ್ನು 2024ರ ಡಿಸೆಂಬರ್ 15ರಂದು ಮಳಿಗೆಗಳಿಂದ ತೆಗೆಯಲಾಯಿತು. ಇಂತಹ ಆಟಗಳನ್ನು ಮೊದಲೇ ಕೊಂಡವರು ಆಡಬಹುದಾದರೂ ಹೊಸಬರು ಡಿಜಿಟಲ್ ಪ್ರತಿಯನ್ನು ಕೊಳ್ಳುವಂತಿಲ್ಲ. ಸಿ.ಡಿ. ರೂಪದಲ್ಲಿ ಮಾರಾಟವಾದ 'ಪೋರ್ಷೆ ಅನ್‌ಲೀಶ್ಡ್' ಹೊಸ ವಿಂಡೋಸ್ ಗಣಕಗಳಲ್ಲಿ ನಡೆಯುವುದು ಅಭಿಮಾನಿಗಳು ಸಿದ್ಧಪಡಿಸಿದ ತಿದ್ದುಪಡಿ ತಂತ್ರಾಂಶಗಳ ನೆರವಿನಿಂದ. ಹಳೆಯ ಕಾರಿನ ಬಿಡಿಭಾಗಗಳನ್ನು ಹುಡುಕಿ ಅದನ್ನು ಓಡುವ ಸ್ಥಿತಿಯಲ್ಲಿ ಇರಿಸುವವರಂತೆ, ಈ ಆಸಕ್ತರು ಆ ಕಾರುಗಳ ಆಟವನ್ನೂ ಚಾಲ್ತಿಯಲ್ಲಿ ಇರಿಸಿದ್ದಾರೆ.