ಬ್ರಿಟಿಷ್ ಸಂಸತ್ತಿನ ಕಲಾಪ ಮತ್ತು ವಿಶಾಖಪಟ್ಟಣ–ಬೆಜವಾಡ (19ನೆಯ ಶತಮಾನ)

ಬಂಗಾಳ ಕೊಲ್ಲಿಯ ದಂಡೆಯ ವಿಶಾಖಪಟ್ಟಣ ಮತ್ತು ಕೃಷ್ಣಾ ತೀರದ ಬೆಜವಾಡ (ಇಂದಿನ ವಿಜಯವಾಡ) 19ನೆಯ ಶತಮಾನದುದ್ದಕ್ಕೂ ಮದರಾಸು ಪ್ರೆಸಿಡೆನ್ಸಿಗೆ ಸೇರಿದ್ದವು. ಆ ಪ್ರೆಸಿಡೆನ್ಸಿಯ ಮೇಲಿನ ಪರಮಾಧಿಕಾರ ಲಂಡನ್ನಿನ ಸಂಸತ್ತಿನದು. ಆದರೂ ಈ ಊರುಗಳ ಬದುಕನ್ನು ಕಟ್ಟಿಹಾಕಿದ ಕಾನೂನುಗಳಲ್ಲಿ ಹೆಚ್ಚಿನವು ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಹುಟ್ಟಿದವು. ಸಂಸತ್ತು ಇವುಗಳನ್ನು ಮುಟ್ಟಿದ್ದು ಬಹುಮಟ್ಟಿಗೆ ಬೇರೆ ದಾರಿಗಳಿಂದ: ಅರ್ಜಿ, ಸೆಲೆಕ್ಟ್ ಕಮಿಟಿ (ವಿಚಾರಣೆಗೆಂದು ಸದನ ನೇಮಿಸುವ ಸದಸ್ಯರ ಸಮಿತಿ), ಪ್ರಶ್ನೆ, ಸದನದ ಮೇಜಿನ ಮೇಲೆ ಇಡಿಸಿದ ಕಾಗದ. ಈ ಕಾಗದದ ದಾರಿ ಭಾಷಣದ ದಾರಿಗಿಂತ ಹೆಚ್ಚು ಫಲ ಕೊಟ್ಟಿತು.

ಸದನದ ಒಂದು ದಿನ

ಅಧಿವೇಶನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಆರಂಭವಾಗಿ ಆಗಸ್ಟ್‌ನಲ್ಲಿ ಮುಗಿಯುತ್ತಿತ್ತು. ಶತಮಾನದ ನಡುಭಾಗದಲ್ಲಿ ಕೆಳಮನೆಯಾದ ಕಾಮನ್ಸ್ ಸಭೆ ಕೂಡುತ್ತಿದ್ದುದು ಸಂಜೆ 4 ಗಂಟೆಯ ಹೊತ್ತಿಗೆ. ಬುಧವಾರ ಮಾತ್ರ ಮಧ್ಯಾಹ್ನವೇ ಸೇರಿ ಸಂಜೆಗೆ ಏಳುತ್ತಿತ್ತು. ಮಿಕ್ಕ ದಿನಗಳಲ್ಲಿ ನಡುರಾತ್ರಿ ದಾಟುವುದು ಮಾಮೂಲು. ಮೊದಲು ಪ್ರಾರ್ಥನೆ, ಬಳಿಕ ರೈಲು, ಕಾಲುವೆ, ನೀರು ಸರಬರಾಜು ಕಂಪೆನಿಗಳ ಖಾಸಗಿ ಮಸೂದೆಗಳು, ಅನಂತರ ಅರ್ಜಿಗಳು, ಸೂಚನೆಗಳು, ಮಂತ್ರಿಗಳಿಗೆ ಪ್ರಶ್ನೆಗಳು. ಇಷ್ಟಾದ ಮೇಲೆ ಆ ದಿನದ ಪಟ್ಟಿಯಲ್ಲಿದ್ದ ಮುಖ್ಯ ಕೆಲಸ. ಮಸೂದೆಗೆ ಮೂರು ವಾಚನ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸಮಿತಿಯ ಹಂತದಲ್ಲಿ ಒಂದೊಂದು ಕಲಮಿನ ಪರಿಶೀಲನೆ. ಒಂದು ಸದನದಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಇದೇ ಸುತ್ತು ಹಾಕಿ, ಕೊನೆಗೆ ಅರಸೊತ್ತಿಗೆಯ ಸಮ್ಮತಿಗೆ ಹೋಗುತ್ತಿತ್ತು.

1834ರ ಅಕ್ಟೋಬರ್ 16ರಂದು ಹಳೆಯ ಸಂಸತ್ ಭವನ ಸುಟ್ಟುಹೋಯಿತು. ಹೊಸ ಕಟ್ಟಡದ ಕಾಮನ್ಸ್ ಸಭಾಂಗಣ ಬಳಕೆಗೆ ಸಿದ್ಧವಾಗಿದ್ದು 1852ರಲ್ಲಿ, ಬೆಜವಾಡದ ಅಣೆಕಟ್ಟೆಯ ಕೆಲಸ ಶುರುವಾದ ವರ್ಷವೇ. ಆರುನೂರಕ್ಕೂ ಹೆಚ್ಚು ಸದಸ್ಯರಿದ್ದ ಆ ಸದನದ ಕೋರಂ ಕೇವಲ 40. ಯಾರಾದರೂ ಎದ್ದು ತಲೆ ಎಣಿಸಲು ಕೇಳಿದರೆ ಮೇಜಿನ ಮೇಲಿನ ಎರಡು ನಿಮಿಷದ ಮರಳುಗಡಿಯಾರವನ್ನು ತಿರುಗಿಸಿಡುತ್ತಿದ್ದರು, ಗಂಟೆ ಬಾರಿಸುತ್ತಿತ್ತು, ಮರಳು ಇಳಿದ ಮೇಲೂ ನಲವತ್ತು ಮಂದಿ ಸೇರದಿದ್ದರೆ ಆ ದಿನದ ಕಲಾಪ ಮುಗಿಯಿತೆಂದೇ ಅರ್ಥ. ಭಾರತದ ವಿಷಯ ಬಂದ ದಿನಗಳಲ್ಲಿ ಈ ಭಯ ಸದಾ ಇದ್ದದ್ದೇ.

ಐದನೆಯ ವರದಿ

ವಿಶಾಖಪಟ್ಟಣವಿದ್ದ ಚಿಕಾಕೋಲ್ ಸರ್ಕಾರ್, ಬೆಜವಾಡವಿದ್ದ ಕೊಂಡಪಲ್ಲಿ ಸರ್ಕಾರ್ ಎರಡೂ 'ಉತ್ತರ ಸರ್ಕಾರ'ಗಳೆಂಬ ಐದು ವಿಭಾಗಗಳಿಗೆ ಸೇರಿದವು. ಈಸ್ಟ್ ಇಂಡಿಯಾ ಕಂಪೆನಿ ಇವುಗಳ ಸನದನ್ನು ಮೊಗಲ್ ಬಾದಶಹನಿಂದ 1765ರಲ್ಲಿ ಪಡೆದು ಮರುವರ್ಷ ನಿಜಾಮನೊಡನೆ ಒಪ್ಪಂದ ಮಾಡಿಕೊಂಡಿತ್ತು. ಸಂಸತ್ತಿನ ಕಡತದಲ್ಲಿ ಈ ನಾಡಿನ ವಿವರ ವಿಸ್ತಾರವಾಗಿ ಸಿಗುವುದು 1812ರ ಜುಲೈ 28ರಂದು ಮುದ್ರಣಕ್ಕೆ ಆಜ್ಞೆಯಾದ 'ಐದನೆಯ ವರದಿ'ಯಲ್ಲಿ. ಸಂಸತ್ತು ಕಂಪೆನಿಗೆ ಕೊಟ್ಟಿದ್ದ ಸನ್ನದು (ಚಾರ್ಟರ್) 1813ರಲ್ಲಿ ನವೀಕರಣವಾಗಬೇಕಿತ್ತು. ಅದಕ್ಕೆ ಮುನ್ನ ಕಾಮನ್ಸ್ ಸಭೆ ನೇಮಿಸಿದ ಸೆಲೆಕ್ಟ್ ಕಮಿಟಿಯ ಕೆಲಸ ಇದು. ಜೇಮ್ಸ್ ಗ್ರಾಂಟ್ 1784ರಲ್ಲಿ ಬರೆದಿದ್ದ ಉತ್ತರ ಸರ್ಕಾರಗಳ ಸಮೀಕ್ಷೆಯನ್ನು ಇದರ ಅನುಬಂಧಕ್ಕೆ ಸೇರಿಸಲಾಯಿತು. ಜಮೀನ್ದಾರರ ಪೇಶ್ಕಷ್, ಹವೇಲಿ ಜಮೀನು, ಕರಣಂ, ಅಮಾನಿ ಮುಂತಾಗಿ ಕಚೇರಿಯ ಮಾತುಗಳು ದಂಡಿಯಾಗಿ ಬಂದದ್ದರಿಂದ ಚಾರ್ಲ್ಸ್ ವಿಲ್ಕಿನ್ಸ್ ಒಂದು ಪದಕೋಶವನ್ನೇ ತಯಾರಿಸಿಕೊಡಬೇಕಾಯಿತು.

ಕಮಿಟಿ ವರದಿ ಬರೆಯುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ವಿಜಯನಗರಂನ ದೊರೆ 1794ರ ಜುಲೈ 10ರಂದು ಪದ್ಮನಾಭಂನಲ್ಲಿ ಕಂಪೆನಿಯ ಸೈನ್ಯದೆದುರು ಮಡಿದಿದ್ದ. 1802ರ 25ನೆಯ ರೆಗ್ಯುಲೇಷನ್ ಮೂಲಕ ಮದರಾಸು ಸರ್ಕಾರ ಖಾಯಂ ಜಮೀನ್ದಾರಿಯನ್ನು ತಂದಿತ್ತು. ಸರ್ಕಾರದ ನೇರ ಹಿಡಿತದಲ್ಲಿದ್ದ ಹವೇಲಿ ಜಮೀನುಗಳನ್ನು ತುಂಡು ಮಾಡಿ ಹರಾಜು ಹಾಕಿತ್ತು. ಹೀಗೆ ಮೊದಲು ಆಡಳಿತ, ಆಮೇಲೆ ವಿಚಾರಣೆ. ಮುಂದಿನ ಎಂಬತ್ತು ವರ್ಷವೂ ಇದೇ ಕ್ರಮ ನಡೆಯಿತು.

1833: ಸನ್ನದಿನ ಚರ್ಚೆ, ನಂದನ ಸಂವತ್ಸರದ ಬರ

ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಸನ್ನದಿನ ನವೀಕರಣವೇ ಭಾರತದ ಬಗ್ಗೆ ಸಂಸತ್ತು ಮನಸ್ಸಿಟ್ಟು ಮಾತಾಡುತ್ತಿದ್ದ ಸಂದರ್ಭ. 1833ರ ಜುಲೈ 10ರಂದು ಕಾಮನ್ಸ್ ಸದಸ್ಯ ಮೆಕಾಲೆ ತನ್ನ ದೊಡ್ಡ ಭಾಷಣ ಮಾಡಿದ. ಭಾರತದಲ್ಲಿ ಮೂರು ಯುದ್ಧ ನಡೆದರೂ ಇಲ್ಲಿ ಅಷ್ಟು ಸದ್ದಾಗುವುದಿಲ್ಲ, ಲಂಡನ್ನಿನ ಬೀದಿಯಲ್ಲಿ ಒಬ್ಬನ ತಲೆ ಒಡೆದರೆ ಅದಕ್ಕಿಂತ ಹೆಚ್ಚು ಸದ್ದಾಗುತ್ತದೆ ಎಂದು ಅವನೇ ಅಲ್ಲಿ ಒಪ್ಪಿಕೊಂಡ. ಅವನು ಮಾತಾಡುತ್ತಿದ್ದ ಆ ವರ್ಷವೇ ಬೆಜವಾಡದ ಹೊಳೆಯಾಚೆಗಿನ ಗುಂಟೂರು ಜಿಲ್ಲೆಯನ್ನು ನಂದನ ಸಂವತ್ಸರದ ಬರ (1832–33) ನುಂಗಿಹಾಕಿತ್ತು. ತೆಲುಗರು ಅದನ್ನು 'ಡೊಕ್ಕಲ ಕರುವು' ಎಂದು ನೆನೆಯುತ್ತಾರೆ. ಐದು ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಸುಮಾರು ಎರಡು ಲಕ್ಷ ಜನ ಸತ್ತರೆಂಬುದು ಅಂದಿನವರ ಅಂದಾಜು. ಕೃಷ್ಣೆ ಆಗ ಕಟ್ಟೆಯಿಲ್ಲದೆ ಸಮುದ್ರ ಸೇರುತ್ತಿತ್ತು.

1833ರ ಕಾಯಿದೆ ಮದರಾಸು ಸರ್ಕಾರದ ಶಾಸನಾಧಿಕಾರವನ್ನು ಕಿತ್ತು ಕಲ್ಕತ್ತೆಯ ಗವರ್ನರ್ ಜನರಲ್‌ಗೆ ಕೊಟ್ಟಿತು. ಅಲ್ಲಿ ಮಾಡಿದ ಪ್ರತಿಯೊಂದು ಕಾನೂನನ್ನೂ ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕೆಂಬ ನಿಬಂಧನೆಯನ್ನೂ ಹಾಕಿತು. ವಿಶಾಖಪಟ್ಟಣದ ಮಟ್ಟಿಗೆ ಇದರ ಪರಿಣಾಮ ಬೇಗನೆ ಕಾಣಿಸಿತು. ಬೆಟ್ಟದ ಸೀಮೆಯ ಬಂಡಾಯಗಳನ್ನು ತನಿಖೆ ಮಾಡಲು 1832ರಲ್ಲಿ ಹೋದ ಮದರಾಸಿನ ಅಧಿಕಾರಿ ಜಾರ್ಜ್ ರಸೆಲ್, ಅಲ್ಲಿಗೆ ಬಯಲುಸೀಮೆಯ ಕೋರ್ಟು–ಕಾಯಿದೆ ಹೊಂದುವುದಿಲ್ಲವೆಂದು ವರದಿ ಮಾಡಿದ್ದ. ಅದರಂತೆ 1839ರ 24ನೆಯ ಆಕ್ಟ್ ಬಂತು. ಗಂಜಾಂ ಮತ್ತು ವಿಶಾಖಪಟ್ಟಣದ ಗುಡ್ಡಗಾಡು ಸಾಮಾನ್ಯ ನ್ಯಾಯಾಲಯಗಳ ಕೈತಪ್ಪಿತು. ಕಲೆಕ್ಟರ್ 'ಗವರ್ನರನ ಏಜೆಂಟ್' ಎಂಬ ಹೆಸರಿನಲ್ಲಿ ದಂಡಾಧಿಕಾರಿಯೂ ನ್ಯಾಯಾಧೀಶನೂ ಆದ. ಜಿಲ್ಲೆಯ ದೊಡ್ಡ ಪಾಲನ್ನು ಒಬ್ಬ ಅಧಿಕಾರಿಯ ವಿವೇಚನೆಗೆ ಬಿಟ್ಟ ಈ ಕಾನೂನು ಸಂಸತ್ತಿಗೆ ಬಂದದ್ದು ಮಸೂದೆಯಾಗಿ ಅಲ್ಲ. ಲಂಡನ್ನಿಗೆ ಕಳಿಸುವ ಕಾಗದಗಳ ಕಟ್ಟಿನಲ್ಲಿ ಒಂದಾಗಿ. ಅಂಥ ಕಾಗದಕ್ಕೆ ವಾಚನವಿಲ್ಲ, ಸಮಿತಿಯಿಲ್ಲ, ಮತವಿಲ್ಲ.

ಅರ್ಜಿ ಮತ್ತು ಚಿತ್ರಹಿಂಸೆ

ಅರ್ಜಿಗೆ ಆಗ ಬಹಳ ಬೆಲೆಯಿತ್ತು. ಶತಮಾನದ ನಡುವಿಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬರುತ್ತಿದ್ದವು. ಪ್ರತಿಯೊಂದರ ಮೇಲೂ ಮಾತಾಡುತ್ತ ಕೂತರೆ ಬೇರೆ ಕೆಲಸವೇ ಸಾಗದೆಂದು, 1840ರ ದಶಕದಲ್ಲಿ ಅರ್ಜಿ ಕೊಡುವಾಗ ಚರ್ಚೆ ಬೇಡವೆಂಬ ನಿಯಮ ಬಿಗಿಯಾಯಿತು. ಗಾಜುಲ ಲಕ್ಷ್ಮೀನರಸು ಚೆಟ್ಟಿಯ ಮುಂದಾಳತನದಲ್ಲಿ 1852ರಲ್ಲಿ ಹುಟ್ಟಿದ ಮದರಾಸ್ ನೇಟಿವ್ ಅಸೋಸಿಯೇಷನ್ ಸರಿಯಾದ ಹೊತ್ತನ್ನೇ ಆರಿಸಿಕೊಂಡಿತು. ಸನ್ನದಿನ ಚರ್ಚೆ 1853ರಲ್ಲಿ ನಡೆಯುವುದಿತ್ತು. ಕಂದಾಯದ ಭಾರ, ಉಪ್ಪಿನ ಸುಂಕ, ರಸ್ತೆ–ನೀರಾವರಿಗಳ ಕಡೆಗಣನೆ, ಬಾಕಿ ವಸೂಲಿಗೆ ರೈತರನ್ನು ಹಿಂಸಿಸುವುದು ಇವೆಲ್ಲ ಅದರ ಅರ್ಜಿಯಲ್ಲಿದ್ದವು.

ಸನ್ನದು ಹೇಗೂ ನವೀಕರಣವಾಯಿತು. ಆದರೆ ಕಾಮನ್ಸ್ ಸದಸ್ಯ ಡ್ಯಾನ್ಬಿ ಸೆಮೂರ್ ಆ ವರ್ಷವೇ ಮದರಾಸಿಗೆ ಬಂದು, ಚೆಟ್ಟಿಯ ಜೊತೆ ಹಳ್ಳಿಗಳನ್ನು ಸುತ್ತಿ ವಿಚಾರಿಸಿದ. 1854ರ ಜುಲೈನಲ್ಲಿ ಮದರಾಸಿನ ಭೂಕಂದಾಯದ ಮೇಲೆ ಬ್ಲ್ಯಾಕೆಟ್ ಎಂಬ ಸದಸ್ಯ ತಂದ ಗೊತ್ತುವಳಿಯ ಚರ್ಚೆಯಲ್ಲಿ ಚಿತ್ರಹಿಂಸೆಯ ವಿಷಯ ಬಹಿರಂಗವಾಗಿಯೇ ಬಂತು. ಸರ್ಕಾರಕ್ಕೆ ಸುಮ್ಮನಿರಲಾಗಲಿಲ್ಲ. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ನೇಮಕವಾಗಿ, 1855ರ ಏಪ್ರಿಲ್‌ನಲ್ಲಿ ವರದಿ ಒಪ್ಪಿಸಿತು.

ಆ ವರದಿಯನ್ನು ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಎಲ್ಲೆಡೆ ಬಳಕೆಯಲ್ಲಿದ್ದ ಹಿಂಸೆಗಳು ಎರಡು. ಒಂದು ಕಿಟ್ಟಿ, ತೆಲುಗು ಜಿಲ್ಲೆಗಳಲ್ಲಿ ಅದರ ಹೆಸರು ಚೀರತ. ಒಂದು ತುದಿಯಲ್ಲಿ ಕಟ್ಟಿದ ಎರಡು ಕೋಲುಗಳ ನಡುವೆ ಬೆರಳಿಟ್ಟು ತಡೆಯಲಾಗದಷ್ಟು ಅದುಮುವುದು. ಇನ್ನೊಂದರಲ್ಲಿ ಉಪಕರಣವೂ ಬೇಡ. ರೈತನನ್ನು ಬಗ್ಗಿಸಿ, ಅವನದೇ ಬಟ್ಟೆಯನ್ನೋ ಹುಲ್ಲಿನ ಹಗ್ಗವನ್ನೋ ಕುತ್ತಿಗೆಯಿಂದ ಕಾಲ್ಬೆರಳಿಗೆ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುವುದು. ಕೆಲವೇ ಆಣೆಗಳ ಬಾಕಿಗೂ ಈ ಶಿಕ್ಷೆಯಾಗುತ್ತಿತ್ತು. ಆಯೋಗದ ಮುಂದೆ 1,900ಕ್ಕೂ ಹೆಚ್ಚು ದೂರುಗಳು ಬಂದವು. ತಪ್ಪನ್ನೆಲ್ಲ ಕೆಳಗಿನ ದೇಶೀ ನೌಕರರ ಮೇಲೆ ಹೊರಿಸಿ ಯುರೋಪಿಯನ್ ಅಧಿಕಾರಿಗಳನ್ನು ಪಾರುಮಾಡಿದ್ದು ವರದಿಯ ದೊಡ್ಡ ಲೋಪ. ತಹಶೀಲ್ದಾರನ ಮೇಲೆ ವಸೂಲಿಯ ಒತ್ತಡ ಹಾಕುತ್ತಿದ್ದವರು ಯಾರೆಂಬ ಪ್ರಶ್ನೆಯನ್ನು ಅದು ಕೊನೆಯವರೆಗೆ ಬೆನ್ನಟ್ಟಲಿಲ್ಲ. ಆದರೂ 1856ರ ಏಪ್ರಿಲ್‌ನಲ್ಲಿ ಅರ್ಲ್ ಆಫ್ ಆಲ್ಬೆಮಾರ್ಲ್ ಇದನ್ನು ಮೇಲ್ಮನೆಯಾದ ಲಾರ್ಡ್ಸ್ ಸಭೆಗೂ ಒಯ್ದ. ಕಂದಾಯ ಮತ್ತು ಪೊಲೀಸ್ ಅಧಿಕಾರ ಒಂದೇ ಕೈಯಲ್ಲಿರಬಾರದೆಂಬ ಮಾತು ಬಲವಾಗಿ, 1859ರ 24ನೆಯ ಆಕ್ಟ್ ಪ್ರಕಾರ ಮದರಾಸಿಗೆ ಪ್ರತ್ಯೇಕ ಪೊಲೀಸ್ ಇಲಾಖೆ ಬಂತು. ಲಂಡನ್ನಿನ ಒಂದು ಚರ್ಚೆಯಿಂದ ತೆಲುಗು ಹಳ್ಳಿಯ ಚಾವಡಿಯ ತನಕ ಹೀಗೆ ನೇರವಾಗಿ ಗೆರೆ ಎಳೆದು ತೋರಿಸಬಹುದಾದ ಉದಾಹರಣೆಗಳು ತೀರ ಕಡಿಮೆ.

ಬೆಜವಾಡದ ಅಣೆಕಟ್ಟೆ ಮತ್ತು ಲೆಕ್ಕದ ವಾದ

ಧವಳೇಶ್ವರದಲ್ಲಿ ಗೋದಾವರಿಗೆ ಆರ್ಥರ್ ಕಾಟನ್ ಕಟ್ಟಿದ ಅಣೆಕಟ್ಟೆಯ ಬೆನ್ನಿಗೆ, ಬೆಜವಾಡದ ಇಂದ್ರಕೀಲಾದ್ರಿ ಮತ್ತು ಎದುರಿನ ಸೀತಾನಗರಂ ಗುಡ್ಡದ ನಡುವೆ ಕೃಷ್ಣೆಗೂ ಕಟ್ಟೆ ಎದ್ದಿತು. ಕ್ಯಾಪ್ಟನ್ ಚಾರ್ಲ್ಸ್ ಓರ್‌ನ ಉಸ್ತುವಾರಿಯಲ್ಲಿ 1852ರಲ್ಲಿ ಶುರುವಾದ ಕೆಲಸ 1855ರಲ್ಲಿ ಮುಗಿಯಿತು. ಇದಕ್ಕೆ ಸಂಸತ್ತಿನ ಮಸೂದೆ ಬೇಕಿರಲಿಲ್ಲ. ಕಂಪೆನಿಯ ಮಂಜೂರಾತಿ ಸಾಕಿತ್ತು. ಆದರೆ ಲೋಕೋಪಯೋಗಿ ಕೆಲಸಕ್ಕೆ ಕಂಪೆನಿ ಕೈ ಬಿಗಿಹಿಡಿಯುತ್ತದೆಂಬ ಟೀಕೆ ಸದನದಲ್ಲಿ ಮೊಳಗುತ್ತಿದ್ದ ಕಾಲ ಅದು. ಮ್ಯಾಂಚೆಸ್ಟರ್ ನಗರವೊಂದೇ ತನ್ನ ಜನಕ್ಕೆ ನೀರು ಕೊಡಲು ಮಾಡಿದ ಖರ್ಚು, 1834ರಿಂದ 1848ರವರೆಗೆ ಕಂಪೆನಿ ಇಡೀ ಭಾರತದ ಕಾಮಗಾರಿಗಳಿಗೆ ಮಾಡಿದ ಖರ್ಚಿಗಿಂತ ಹೆಚ್ಚು ಎಂದು ಕಾಮನ್ಸ್ ಸದಸ್ಯ ಜಾನ್ ಬ್ರೈಟ್ 1858ರ ಜೂನ್ 24ರಂದು ಹಂಗಿಸಿದ. ಬ್ರೈಟ್‌ನ ಕಳಕಳಿಯ ಹಿಂದೆ ಲಂಕಾಷೈರ್ ಗಿರಣಿಗಳ ಹತ್ತಿಯ ಹಸಿವೂ ಇತ್ತೆಂಬುದನ್ನು ಮರೆಯುವಂತಿಲ್ಲ. 1848ರಲ್ಲಿ ಭಾರತದ ಹತ್ತಿ ಬೆಳೆಯ ಬಗೆಗಿನ ಕಮಿಟಿಗೆ ಅವನೇ ಅಧ್ಯಕ್ಷನಾಗಿದ್ದ.

1876–78ರ ಬರದ ನಂತರ ಲೆಕ್ಕಾಚಾರ ಮತ್ತೆ ಎದ್ದಿತು. 1878ರ ಲೋಕೋಪಯೋಗಿ ಕಾಮಗಾರಿಗಳ ಸೆಲೆಕ್ಟ್ ಕಮಿಟಿಗೆ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ ಅಧ್ಯಕ್ಷ. ಆಗ 75 ವರ್ಷದ ಕಾಟನ್ ಅದರ ಮುಂದೆ ಕುಳಿತು ರೈಲಿಗಿಂತ ಕಾಲುವೆಯೇ ಮೇಲೆಂದು ವಾದಿಸಿದ. ಗೋದಾವರಿ, ಕೃಷ್ಣಾ ಮುಖಜಭೂಮಿಗಳ ಲಾಭ ಅವನ ಕೈಯ ದಾಳ. ನಷ್ಟದಲ್ಲಿ ಮುಳುಗಿದ್ದ ಕರ್ನೂಲು–ಕಡಪ ಕಾಲುವೆ ವಿರೋಧಿಗಳ ದಾಳ. ಆ ಕಾಲುವೆ ನೀರು ಎತ್ತಿದ್ದು ನಮ್ಮ ತುಂಗಭದ್ರೆಯಿಂದ, ಸುಂಕೇಸುಲದಲ್ಲಿ. ಅದನ್ನು ತೋಡಿಸಿದ ಮದರಾಸ್ ಇರಿಗೇಷನ್ ಕಂಪೆನಿಯನ್ನು ಸರ್ಕಾರ 1882ರಲ್ಲಿ ಕೊಂಡುಕೊಂಡಿತು. ರೈಲಿನ ಪಕ್ಷವೇ ಗೆದ್ದಿತು. ಬಳ್ಳಾರಿ–ಕೃಷ್ಣಾ ಮಾರ್ಗದ ಹಳಿ ಪಶ್ಚಿಮದಿಂದ ಬೆಜವಾಡದತ್ತ ಬಂತು. 1893ರಲ್ಲಿ ಅಣೆಕಟ್ಟೆಯ ಪಕ್ಕದಲ್ಲೇ ರೈಲು ಸೇತುವೆ ನಿಂತಿತು.

1858ರ ನಂತರ

ಕಂಪೆನಿ ಹೋಗಿ ರಾಣಿಯ ಆಡಳಿತ ಬಂದ ಮೇಲೆ ಸಂಸತ್ತಿನ ಹಿಡಿತ ಬಿಗಿಯಾಗಬೇಕಿತ್ತು, ಆದದ್ದು ತದ್ವಿರುದ್ಧ. ಇಪ್ಪತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸನ್ನದಿನ ವಿಚಾರಣೆ ನಿಂತುಹೋಯಿತು. ಪ್ರತಿವರ್ಷ ಭಾರತದ ಜಮಾಖರ್ಚನ್ನೂ 'ನೈತಿಕ ಮತ್ತು ಭೌತಿಕ ಪ್ರಗತಿ'ಯ ವರದಿಯನ್ನೂ ಸದನದ ಮುಂದಿಡಬೇಕೆಂದು 1858ರ ಕಾಯಿದೆ ಹೇಳಿತು. ಈ ಜಮಾಖರ್ಚಿನ ಸರದಿ ಬರುತ್ತಿದ್ದುದು ಅಧಿವೇಶನದ ಕಟ್ಟಕಡೆಯಲ್ಲಿ, ಸದಸ್ಯರೆಲ್ಲ ಬೇಟೆಗೋ ಹಳ್ಳಿಮನೆಗೋ ಹೊರಟುನಿಂತ ದಿನಗಳಲ್ಲಿ. ಬೆಂಚುಗಳು ಖಾಲಿ. ಹೆನ್ರಿ ಫಾಸೆಟ್‌ನಂಥ ಕೆಲವರು ಮಾತ್ರ ಅಂಕಿಅಂಶ ಹಿಡಿದು ಕಾದಾಡುತ್ತಿದ್ದರು. ದೃಷ್ಟಿಯಿಲ್ಲದ ಈತನನ್ನು ಜನ 'ಭಾರತದ ಸದಸ್ಯ'ನೆಂದೇ ಕರೆದರು. ಮೈಸೂರು ಸಂಸ್ಥಾನದ ಭವಿಷ್ಯ 1867ರಲ್ಲಿ ಕಾಮನ್ಸ್‌ನಲ್ಲಿ ಚರ್ಚೆಯಾಯಿತು. ಅರಸುಮನೆತನಕ್ಕೆ ಲಂಡನ್ನಿನಲ್ಲಿ ಮಾತಾಡುವವರಿದ್ದರು. ವಿಶಾಖಪಟ್ಟಣದ ಬೆಟ್ಟದವರಿಗೆ ಯಾರೂ ಇರಲಿಲ್ಲ. 1870ರಲ್ಲಿ ಸಂಸತ್ತು ಪಾಸುಮಾಡಿದ ಒಂದು ಚಿಕ್ಕ ಕಾಯಿದೆ, ಹಿಂದುಳಿದ ಸೀಮೆಗಳಿಗೆ ಶಾಸನಸಭೆಯನ್ನು ಬಿಟ್ಟು ಕಾರ್ಯಾಂಗವೇ ನಿಯಮ ಮಾಡಬಹುದೆಂದಿತು. ಅದರ ಬೆನ್ನಿಗೆ ಕಲ್ಕತ್ತೆಯಲ್ಲಿ 1874ರ ಶೆಡ್ಯೂಲ್ಡ್ ಜಿಲ್ಲೆಗಳ ಆಕ್ಟ್ ಬಂತು. ವಿಶಾಖಪಟ್ಟಣದ ಏಜೆನ್ಸಿ, ಅಂದರೆ ಏಜೆಂಟನ ಅಧೀನದ ಗುಡ್ಡಗಾಡು, ಅದರ ಪಟ್ಟಿ ಸೇರಿತು.

1861ರ ಕಾಯಿದೆ ಮದರಾಸಿಗೆ ಶಾಸನಾಧಿಕಾರವನ್ನು ಮರಳಿಸಿತು. ವಿಜಯನಗರಂ ಮಹಾರಾಜ ವಿಜಯರಾಮ ಗಜಪತಿರಾಜು ಅದೇ ದಶಕದಲ್ಲಿ ವೈಸರಾಯ್ ಶಾಸನಸಭೆಯಲ್ಲಿ ನಾಮಕರಣಗೊಂಡು ಕುಳಿತ. ಪ್ರಶ್ನೆ ಕೇಳುವ, ಬಜೆಟ್ ಮೇಲೆ ಮಾತಾಡುವ ಹಕ್ಕು ಬಂದದ್ದು 1892ರ ಕಾಯಿದೆಯಿಂದ. ಬಜೆಟ್ ಮೇಲೆ ಮತ ಹಾಕುವ ಹಕ್ಕು ಆಗಲೂ ಇರಲಿಲ್ಲ. ರಾಜಮಹೇಂದ್ರಿಯ ನ್ಯಾಪತಿ ಸುಬ್ಬಾರಾವ್ ಪಂತುಲು ಮದರಾಸಿನ ಹೊಸ ಶಾಸನಸಭೆಯಲ್ಲಿ ತೆಲುಗು ಜಿಲ್ಲೆಗಳ ದನಿಯಾದ. ಅದೇ 1892ರಲ್ಲಿ ದಾದಾಭಾಯಿ ನವರೋಜಿ ಕಾಮನ್ಸ್‌ಗೆ ಆರಿಸಿಬಂದ.

ದಾಖಲೆಗಳು

ಕಾಮನ್ಸ್‌ನ ಮಾತುಗಳು ಹ್ಯಾನ್ಸರ್ಡ್ ಸಂಪುಟಗಳಲ್ಲಿವೆ. 1909ರವರೆಗೆ ಅದು ಅಧಿಕೃತ ವರದಿಯಾಗಿರಲಿಲ್ಲ. ಬಹಳಷ್ಟು ಪತ್ರಿಕೆಗಳಿಂದ ಕಲೆಹಾಕಿದ್ದು. ಆದ್ದರಿಂದ ಭಾಷಣದ ಪ್ರತಿ ಪದವನ್ನೂ ನಂಬಬಾರದು. ನೀಲಿ ರಕ್ಷಾಪುಟದ ಸಂಸದೀಯ ಕಾಗದಗಳು ಇದಕ್ಕಿಂತ ಗಟ್ಟಿ ಆಕರ. ಐದನೆಯ ವರದಿಯ ಅನುಬಂಧದಲ್ಲಿ ಕೆನರಾ ಜಿಲ್ಲೆಯ ಬಗ್ಗೆ ಥಾಮಸ್ ಮನ್ರೋ ಬರೆದ ಪತ್ರಗಳಿವೆ. 1855ರ ಚಿತ್ರಹಿಂಸೆ ಆಯೋಗದ ವ್ಯಾಪ್ತಿಗೆ ಅಂದು ಮದರಾಸಿಗೆ ಸೇರಿದ್ದ ಬಳ್ಳಾರಿ, ಕೆನರಾ ಜಿಲ್ಲೆಗಳೂ ಬಂದಿದ್ದವು. ಕನ್ನಡ ಜಿಲ್ಲೆಗಳ ಕಂದಾಯದ ಚರಿತ್ರೆ ಬರೆಯುವವರು ಈ ಎರಡು ಸಂಪುಟಗಳನ್ನು ಮೊದಲು ತೆರೆಯಬೇಕು.