ಅರಮನೆಯಿಂದ ವಿದ್ಯಾಲಯಕ್ಕೆ: ಮೈಸೂರಿನ ಅಭಿನಯ ಪರಂಪರೆ

ಮೈಸೂರಿನ ನಾಟ್ಯಚರಿತ್ರೆಯನ್ನು ಬರೆಯುವವರು ಆಶ್ರಯದಾತರಾದ ಅರಸರನ್ನು ಮೊದಲು ಸ್ಮರಿಸುವುದು ವಾಡಿಕೆ. ತಂಜಾವೂರಿನ ನಾಟ್ಯಾಚಾರ್ಯ ಚಿನ್ನಯ್ಯನನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನವು ಆದರಿಸಿದುದನ್ನು ನೆನೆದರೆ ಇದು ಯುಕ್ತವೇ ಸರಿ. ಆದರೆ ಆಶ್ರಯವು ಕಲೆಯನ್ನು ಪೋಷಿಸಬಲ್ಲುದಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಲಾರದು. ಆ ಭಾರವನ್ನು ಹೊತ್ತವರು ಸ್ತ್ರೀಯರು. ಸಮಾಜವಾದರೋ ಅವರ ಕಲೆಯನ್ನು ಮೆಚ್ಚಿತು. ಅವರಿಗೆ ಸಲ್ಲಬೇಕಾದ ಗೌರವವನ್ನು ಮಾತ್ರ ಬಹುಕಾಲ ಸಲ್ಲಿಸಲಿಲ್ಲ.

1909ರಲ್ಲಿ ಮೈಸೂರು ಸರ್ಕಾರವು ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಉದ್ದೇಶವು ಒಳ್ಳೆಯದೇ, ಆದರೂ ನೃತ್ಯಕ್ಕೆ ಇದ್ದ ನೆಲೆಗಳಲ್ಲಿ ಒಂದು ತಪ್ಪಿಹೋಯಿತು. ಇಂತಹ ಸಮಯದಲ್ಲಿ ಅಭಿನಯವಿದ್ಯೆಯನ್ನು ಕಾಪಾಡಿದವರಲ್ಲಿ ಜಟ್ಟಿ ತಾಯಮ್ಮನವರು (1857–1947) ಅಗ್ರಗಣ್ಯರು. ಇವರು ಜಟ್ಟಿಯೊಬ್ಬರ ಮಗಳು. ಪಂಡಿತರಲ್ಲಿ ಕಾವ್ಯಪಾಠವನ್ನು ಕೇಳಿದವರು. ಪದ್ಯದ ಒಂದೇ ಪಾದವನ್ನು ತಾವೇ ಹಾಡುತ್ತ, ಅದರಲ್ಲಿ ಅಡಗಿದ ಹಲವು ಭಾವಗಳನ್ನು ಕಣ್ಣು ಕೈಗಳಿಂದ ಬಿಡಿಸಿ ತೋರಿಸುವುದು ಇವರ ಮಾರ್ಗವಾಗಿತ್ತು.

ಕಡೂರಿನ ಬಳಿಯ ಲಂಬಾಣಿ ತಾಂಡ್ಯವೊಂದರಲ್ಲಿ 1906ರಲ್ಲಿ ಜನಿಸಿದ ಕೆ. ವೆಂಕಟಲಕ್ಷಮ್ಮನವರು ಎಂಟನೆಯ ವಯಸ್ಸಿನಲ್ಲಿ ಈ ಗುರುವಿನ ಬಳಿಗೆ ಬಂದರು. ಹನ್ನೆರಡನೆಯ ವಯಸ್ಸಿನಲ್ಲಿ ರಂಗವನ್ನೇರಿದರು. ಅವರ ವಿದ್ಯೆಯು ನಾಟ್ಯವೊಂದರಿಂದಲೇ ಬೆಳೆದುದಲ್ಲ. ದೇವೋತ್ತಮ ಜೋಯಿಸರು, ಶಾಂತಾಶಾಸ್ತ್ರಿಗಳು, ಗಿರಿಭಟ್ಟರು ಸಂಸ್ಕೃತವನ್ನು ಹೇಳಿಕೊಟ್ಟರು, ಬಿ. ದೇವೇಂದ್ರಪ್ಪನವರೂ ಸಿ. ರಾಮರಾಯರೂ ಸಂಗೀತವನ್ನು ಕಲಿಸಿದರು. ಅಮರುಕನ ಶ್ಲೋಕವೊಂದು ಅವರ ಮುಖದಲ್ಲಿ ಜೀವತಳೆಯಬೇಕಾದರೆ ಪಂಡಿತನ ಅರ್ಥವಿವರಣೆ, ಗಾಯಕನ ರಾಗಜ್ಞಾನ, ಗುರುವಿನ ಅನುಭವ ಈ ಮೂರೂ ಅಲ್ಲಿ ಕೂಡಬೇಕಾಗಿತ್ತು. ವಿದ್ವಾಂಸನಿಗೂ ನರ್ತಕಿಗೂ ನಡುವೆ ಲೋಕವು ಎಷ್ಟೇ ಅಂತರವನ್ನಿಟ್ಟಿರಲಿ, ಪಾಠದ ಮನೆಯಲ್ಲಿ ಇಬ್ಬರೂ ಒಂದೇ ಕಾವ್ಯದ ಸಹೃದಯರಾಗಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯನ್ನಾಗಿ ಮನ್ನಿಸಿದರು. ಮುಂದೆ ರಾಜ್ಯಾಧಿಕಾರವು ಅರಮನೆಯನ್ನು ಬಿಟ್ಟುಹೋದರೂ ವಿದ್ಯೆಯು ನಿರಾಶ್ರಿತವಾಗಲಿಲ್ಲ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವಿಭಾಗವು ಆರಂಭವಾದಾಗ ಅದರ ಪ್ರಥಮ ಪ್ರವಾಚಕರಾದವರು ಇವರೇ. 1974ರವರೆಗೆ ಅಲ್ಲಿ ಬೋಧಿಸಿದರು. 1964ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1992ರಲ್ಲಿ ಪದ್ಮಭೂಷಣವೂ ಸಂದುವು. 2002ರಲ್ಲಿ ದಿವಂಗತರಾದರು.

ಒಮ್ಮೆ ದೇವಾಲಯದಿಂದ ಹೊರಗಾದ ವಿದ್ಯೆಯು ಹೀಗೆ ವಿದ್ಯಾಲಯದೊಳಗೆ ಪೀಠವನ್ನು ಪಡೆಯಿತು. ಆದರೆ ಪಾಠಕ್ರಮವು ಅಡವುಗಳನ್ನು ಎಣಿಸಬಲ್ಲುದು, ಹಸ್ತಗಳನ್ನು ಹೆಸರಿಸಬಲ್ಲುದು; ಒಂದೇ ಸಾಲಿಗೆ ಆ ಕ್ಷಣದಲ್ಲಿ ಹೊಳೆಯುವ ಹೊಸ ಭಾವವನ್ನು ಪರೀಕ್ಷೆಯಲ್ಲಿ ಅಳೆಯುವುದೆಂತು? ಕಾವ್ಯವನ್ನು ಓದದ ಅಭಿನಯವು ಬರಿಯ ಮುಖಚೇಷ್ಟೆಯಾದೀತು. ನಮ್ಮ ನಗರದ ಸಾಹಿತ್ಯಾಸಕ್ತರು ಇದನ್ನು ನರ್ತಕಿಯರ ಚಿಂತೆಯೆಂದು ಬಗೆಯದೆ ತಮ್ಮ ಚಿಂತೆಯೆಂದೂ ಎಣಿಸಿದರೆ, ಆ ತಾಯಂದಿರ ಋಣವು ಅಲ್ಪವಾದರೂ ತೀರೀತು.